ಆಯಿಲ್ ಚೇಂಬರ್ ನಾನೇ ಬದಲಿಸಿದ ಬಗೆ

ಮಲೆನಾಡಿನ ತೋಟದ ರಸ್ತೆಗಳಲ್ಲಿ ಸಣ್ಣ ಕಾರು ಓಡಿಸುವವರಿಗೆ ಆಯಿಲ್ ಚೇಂಬರಿನ ಚಿಂತೆ ಹೊಸದಲ್ಲ. ಮಳೆಗೆ ಮಣ್ಣು ಕೊಚ್ಚಿಹೋಗಿ ರಸ್ತೆಯ ನಡುವೆ ಕಲ್ಲು ಎದ್ದು ನಿಂತಿರುತ್ತದೆ. ನಾಲ್ಕು ಜನ ಕೂತರೆ ಕಾರು ಇನ್ನಷ್ಟು ತಗ್ಗುತ್ತದೆ. ಮೊದಲ ಪೆಟ್ಟು ಬೀಳುವುದು ಎಂಜಿನ್ನಿನ ತಳದಲ್ಲಿ ಆಯಿಲ್ ತುಂಬಿಕೊಂಡಿರುವ ಈ ತೆಳು ತಗಡಿನ ತೊಟ್ಟಿಗೆ. ಮೂಡಿಗೆರೆ ಕಡೆಯ ಒಳರಸ್ತೆಯೊಂದರಲ್ಲಿ ನನ್ನ 796 ಸಿಸಿಯ ಹಳೆಯ ಆಲ್ಟೊಗೂ ಹೀಗೇ ಆಯಿತು. ತಳ ಒಳಕ್ಕೆ ನೆಗ್ಗಿತ್ತು, ಆಯಿಲ್ ಇಳಿಸುವ ಡ್ರೈನ್ ಬೋಲ್ಟಿನ ಪಕ್ಕದ ಸೀಳಿನಿಂದ ಆಯಿಲ್ ಜಿನುಗುತ್ತಿತ್ತು.

“ಬಿಚ್ಚಿ ತಟ್ಟಿ, ಒಂದು ವೆಲ್ಡಿಂಗ್ ಹೊಡೆದರೆ ಸಾಕು ಸರ್” ಎಂದರು ಪರಿಚಯದ ಮೆಕ್ಯಾನಿಕ್. ನನಗೆ ಒಪ್ಪಿಗೆಯಾಗಲಿಲ್ಲ. ಆಯಿಲ್ ಪಂಪು ಎಣ್ಣೆ ಹೀರುವ ಜಾಲರಿ, ಅಂದರೆ ಸ್ಟ್ರೈನರ್, ಚೇಂಬರಿನ ತಳಕ್ಕೆ ಬಹಳ ಹತ್ತಿರದಲ್ಲಿರುತ್ತದೆ. ತಗಡು ಒಳಕ್ಕೆ ನೆಗ್ಗಿದರೆ ಅದರ ಬಾಯಿ ಮುಚ್ಚಿಕೊಳ್ಳುತ್ತದೆ. ಡಿಪ್‌ಸ್ಟಿಕ್ ಎಂಬ ಅಳತೆ ಕಡ್ಡಿ ತೆಗೆದು ನೋಡಿದರೆ ಆಯಿಲ್ ಸರಿಯಾಗಿಯೇ ಇರುತ್ತದೆ, ಆದರೆ ಬೇರಿಂಗುಗಳಿಗೆ ತಲುಪುವುದಿಲ್ಲ. ಆದ್ದರಿಂದ ಒಂದು ಹನಿ ಸೋರದಿದ್ದರೂ ಆಳವಾಗಿ ನೆಗ್ಗಿದ ಚೇಂಬರನ್ನು ಬಿಚ್ಚಿ ನೋಡಲೇಬೇಕು. ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ಹೇಳುವುದು ಆಯಿಲಿನ ಒತ್ತಡವನ್ನು, ಮಟ್ಟವನ್ನಲ್ಲ. ಓಡುವಾಗ ಅದು ಹೊತ್ತಿದರೆ ಎಂಜಿನ್ ಅಲ್ಲೇ ಆರಿಸಬೇಕು. “ಮನೆ ಹತ್ತಿರವೇ ಇದೆ” ಎಂದು ಓಡಿಸಬಾರದು.

ಹೊಸ ಚೇಂಬರ್, ಡ್ರೈನ್ ಬೋಲ್ಟಿನ ವಾಷರ್, ಸ್ಟ್ರೈನರಿನ ಓ-ರಿಂಗ್ (ರಬ್ಬರ್ ಬಳೆ), ಫಿಲ್ಟರ್, ಸಂದು ಮುಚ್ಚಲು ಆಯಿಲ್ ನಿರೋಧಕ ಸಿಲಿಕೋನ್ ಸೀಲಾಂಟ್ ತಂದುಕೊಂಡೆ. ಸಮತಟ್ಟಾದ ಸಿಮೆಂಟ್ ಅಂಗಳದಲ್ಲಿ ಹಿಂದಿನ ಚಕ್ರಗಳಿಗೆ ಮರದ ತುಂಡು ಕೊಟ್ಟು, ಮುಂಭಾಗ ಎತ್ತಿ, ಎರಡೂ ಬದಿಗೆ ಭಾರ ಹೊರುವ ಜಾಕ್ ಸ್ಟ್ಯಾಂಡ್ ಇಟ್ಟೆ. ಬರೀ ಜಾಕ್ ನಂಬಿ ಕಾರಿನ ಕೆಳಗೆ ಯಾರೂ ಮಲಗಬಾರದು. ಇಟ್ಟಿಗೆಯನ್ನಂತೂ ನಂಬಲೇಬಾರದು, ಭಾರಕ್ಕೆ ಅದು ಮುನ್ಸೂಚನೆಯಿಲ್ಲದೆ ಒಡೆಯುತ್ತದೆ.

ಎಂಜಿನ್ ಉಗುರುಬೆಚ್ಚಗಿರುವಾಗ ಆಯಿಲ್ ಇಳಿಸಿದೆ. ಸೈಲೆನ್ಸರಿನ ಮುಂದಿನ ಪೈಪು ಅಡ್ಡವಿದ್ದುದರಿಂದ ಅದನ್ನೂ ಬಿಚ್ಚಬೇಕಾಯಿತು. ಅದರ ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿಟ್ಟಿದ್ದೆ. ಆಮೇಲೆ ಕ್ಲಚ್ ಹೌಸಿಂಗಿನ ಕೆಳಗಿನ ತಗಡು, ಕೊನೆಗೆ ಸುತ್ತಲಿನ 10 ನಂಬರಿನ ಬೋಲ್ಟುಗಳು. ಎಲ್ಲ ಬಿಚ್ಚಿದರೂ ಹಳೆಯ ಅಂಟು ಚೇಂಬರನ್ನು ಬಿಡುವುದಿಲ್ಲ. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಮೇಲಿನ ಎಂಜಿನ್ ಬ್ಲಾಕಿನ ಮುಖಕ್ಕೆ ಗೀರು ಬಿದ್ದು, ಅಲ್ಲಿಂದಲೇ ಮುಂದೆ ಸೋರುತ್ತದೆ. ನಾನು ಚೇಂಬರಿನ ಮೂಲೆಗಳಿಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿ, ತೆಳುವಾದ ಬ್ಲೇಡಿನಿಂದ ಅಂಟನ್ನು ಸೀಳುತ್ತಾ ಬಂದೆ.

ಇನ್ನು ಒರೆಸುವ ಕೆಲಸ. ಚೇಂಬರ್ ಸೋರುವುದೋ ಇಲ್ಲವೋ ಎಂಬುದು ಇಲ್ಲಿಯೇ ತೀರ್ಮಾನವಾಗುತ್ತದೆ. ಪ್ಲಾಸ್ಟಿಕ್ ಪಟ್ಟಿಯಿಂದ ಹಳೆಯ ಅಂಟು ಕೆರೆದು, ಬ್ರೇಕ್ ಕ್ಲೀನರ್ ಹಾಕಿದ ಬಟ್ಟೆಯಿಂದ ಎರಡೂ ಮುಖ ಒರೆಸಿದೆ. ಒರೆಸಿದಷ್ಟೂ ಮೇಲಿನಿಂದ ಆಯಿಲ್ ತೊಟ್ಟಿಕ್ಕುತ್ತದೆ. ಕಾಯಬೇಕು, ಮತ್ತೆ ಒರೆಸಬೇಕು, ಬೋಲ್ಟಿನ ರಂಧ್ರಗಳನ್ನೂ ಬಿಡಬಾರದು. ಎಣ್ಣೆಯ ಪಸೆ ಉಳಿದ ಜಾಗದಲ್ಲಿ ಎಷ್ಟು ದುಬಾರಿಯ ಸೀಲಾಂಟೂ ಹಿಡಿಯುವುದಿಲ್ಲ. ಈ ಬಿಡುವಿನಲ್ಲೇ ಸ್ಟ್ರೈನರ್ ಬಿಚ್ಚಿ ತೊಳೆದು, ಓ-ರಿಂಗ್ ಬದಲಿಸಿ ಕೂರಿಸಿದೆ.

ಹೊಸ ಚೇಂಬರಿನ ಅಂಚಿನಲ್ಲಿ ಸುಮಾರು 3 ಮಿಲಿಮೀಟರ್ ದಪ್ಪದ ಸೀಲಾಂಟನ್ನು ರಂಗೋಲಿಯ ಎಳೆಯಂತೆ ಎಲ್ಲೂ ಕಡಿಯದೆ, ಬೋಲ್ಟ್ ರಂಧ್ರಗಳ ಒಳಬದಿಯಿಂದ ಎಳೆದೆ. ಆಯಿಲ್ ಪಂಪಿನ ಕವಚ ಮತ್ತು ಹಿಂದಿನ ಆಯಿಲ್ ಸೀಲಿನ ಕವಚ ಬ್ಲಾಕನ್ನು ಸೇರುವ ಸಂದುಗಳಿಗೆ ತುಸು ಹೆಚ್ಚು ಕೊಟ್ಟೆ. ಸೋರಿಕೆ ಹೆಚ್ಚಾಗಿ ಶುರುವಾಗುವುದು ಅಲ್ಲಿಂದ. ಹಾಗೆಂದು ಧಾರಾಳವಾಗಿ ಬಳಿಯುವುದೂ ತಪ್ಪು. ಒಳಗೆ ಉಕ್ಕಿದ ಸಿಲಿಕೋನ್ ತುಂಡಾಗಿ ಉದುರಿ ಸ್ಟ್ರೈನರಿಗೆ ಸಿಕ್ಕಿಕೊಳ್ಳುತ್ತದೆ. ಹಚ್ಚಿದ ಕೆಲವೇ ನಿಮಿಷಗಳಲ್ಲಿ ಚೇಂಬರ್ ಏರಿಸಿ, ಮೊದಲು ಎಲ್ಲ ಬೋಲ್ಟನ್ನೂ ಕೈಯಲ್ಲೇ ತಿರುಗಿಸಿ, ಆಮೇಲೆ ನಡುವಿನಿಂದ ತುದಿಯ ಕಡೆಗೆ, ಎಡಕ್ಕೊಂದು ಬಲಕ್ಕೊಂದರಂತೆ ಬಿಗಿ ಮಾಡಿದೆ. ಈ ಬೋಲ್ಟುಗಳಿಗೆ 10–11 ನ್ಯೂಟನ್ ಮೀಟರ್ ಸಾಕು. ಬಲ ಹಾಕಿ ಎಳೆದರೆ ರಂಧ್ರದ ಸುತ್ತ ತಗಡು ಕುಳಿಬಿದ್ದು, ಎರಡು ಬೋಲ್ಟುಗಳ ನಡುವೆ ಅಂಚು ಬಾಯಿಬಿಡುತ್ತದೆ. ಬಿಗಿಯನ್ನು ಅಳೆದು ತೋರಿಸುವ ಸಣ್ಣ ಟಾರ್ಕ್ ರೆಂಚಿಗೆ ಕೊಟ್ಟ ಹಣ ಇಲ್ಲಿ ಸಾರ್ಥಕವಾಯಿತು.

ಪೈಪು ಜೋಡಿಸಿ, ಫಿಲ್ಟರ್ ಹಾಕಿದ ಮೇಲೂ ಅಂದು ಆಯಿಲ್ ಸುರಿಯಲಿಲ್ಲ, ಸೀಲಾಂಟ್ ಗಟ್ಟಿಯಾಗಲು ಮರುದಿನದವರೆಗೆ ಬಿಟ್ಟೆ. ಬಳಿಕ ಎರಡೂವರೆ ಲೀಟರ್ ಹಾಕಿ, ಡಿಪ್‌ಸ್ಟಿಕ್ ನೋಡಿಕೊಂಡು ಉಳಿದದ್ದನ್ನು ಸ್ವಲ್ಪಸ್ವಲ್ಪವೇ ಸೇರಿಸಿದೆ. ಎಂಜಿನ್ ಚಾಲೂ ಆಗುವ ಮೊದಲೇ ಆಯಿಲ್ ಮೇಲೇರಲೆಂದು ಕಾರಿನ ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತು, ಕೆಂಪು ದೀಪ ಆರುವವರೆಗೆ ಸ್ಟಾರ್ಟರನ್ನು ಬಿಟ್ಟುಬಿಟ್ಟು ತಿರುಗಿಸಿದ ಮೇಲಷ್ಟೇ ಫ್ಯೂಸ್ ಮರಳಿ ಹಾಕಿ ಎಂಜಿನ್ ಚಾಲೂ ಮಾಡಿದೆ. ಕೆಳಗೆ ಹಾಸಿದ್ದ ಕಾರ್ಡ್‌ಬೋರ್ಡ್ ಒಣಗಿಯೇ ಇತ್ತು. ಕೆಲವು ದಿನ ಓಡಿಸಿದ ಮೇಲೂ ಅಂಚನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿದೆ, ಆದರೆ ಬೋಲ್ಟುಗಳನ್ನು ಮತ್ತೆ ಬಿಗಿ ಮಾಡಲಿಲ್ಲ. ಒಣಗಿದ ಸೀಲಾಂಟ್ ಅದರಿಂದ ಬಿರುಕುಬಿಡುತ್ತದೆ.

ಇಳಿಸಿದ ಆಯಿಲನ್ನು ನಮ್ಮ ಕಡೆ ಗೆದ್ದಲು ತಡೆಯಲೆಂದು ಬೇಲಿಯ ಕಂಬಗಳಿಗೆ ಬಳಿಯುತ್ತಾರೆ. ಮಳೆಗೆ ಅದು ಹಳ್ಳ ಸೇರುವುದರಿಂದ ನಾನು ಹಾಗೆ ಮಾಡುವುದಿಲ್ಲ. ಕ್ಯಾನಿಗೆ ತುಂಬಿ, ಹಳೆಯ ಆಯಿಲನ್ನು ಮರುಸಂಸ್ಕರಣೆಗೆ ಕಳುಹಿಸುವ ವರ್ಕ್‌ಶಾಪಿಗೆ ಕೊಟ್ಟು ಬಂದೆ.