ಮಗುವನ್ನು ನರ್ಸರಿಗೆ ಕಳಿಸುವ ಮುನ್ನ: ಇಂಗ್ಲೆಂಡಿಗೆ ಹೊಸದಾಗಿ ಬಂದ ಕನ್ನಡ ಕುಟುಂಬಗಳಿಗೆ

ಎರಡೂವರೆ, ಮೂರು ವರ್ಷದ ಮಗುವನ್ನು ಎತ್ತಿಕೊಂಡು ಊರಿನಿಂದ ಇಂಗ್ಲೆಂಡಿಗೆ ಬಂದಿಳಿದ ಕುಟುಂಬಗಳು ನಮ್ಮ ಸಂಘದವರನ್ನು ಮೊದಲು ಕೇಳುವುದು ಬಾಡಿಗೆ ಮನೆಯ ವಿಚಾರ. ಅದು ಮುಗಿಯುತ್ತಿದ್ದಂತೆಯೇ ಬರುವುದು ನರ್ಸರಿಯ ವಿಚಾರ. ಅದರ ಬೆನ್ನಿಗೇ ಎರಡು ಆತಂಕಗಳೂ ಬರುತ್ತವೆ: ಸೇರಿಸುವಷ್ಟರಲ್ಲಿ ಮಗುವಿಗೆ ಎ ಬಿ ಸಿ ಡಿ ಬರೆಯಲು ಬರಬೇಕೆ, ಮನೆಯಲ್ಲಿ ಇನ್ನು ಮೇಲೆ ಇಂಗ್ಲಿಷೇ ಮಾತನಾಡಬೇಕೆ ಎಂದು. ಎರಡಕ್ಕೂ ನಮ್ಮ ಉತ್ತರ ಒಂದೇ, ಬೇಡ. ಮಗು ತಾನಾಗಿ ಉಣ್ಣುವುದು, ಶೌಚಕ್ಕೆ ಹೋಗಬೇಕೆಂದು ತಿಳಿಸುವುದು, ಕೋಟು ಹಾಕಿಕೊಳ್ಳುವುದು, ಅಮ್ಮ ಹೋದರೂ ಮರಳಿ ಬರುತ್ತಾಳೆಂದು ನಂಬುವುದು, ಇಷ್ಟರ ಅಭ್ಯಾಸಕ್ಕೇ ಎರಡು ಮೂರು ತಿಂಗಳು ಬೇಕಾಗುತ್ತದೆ. ಅಕ್ಷರಕ್ಕೆ ಮುಂದೆ ಸಮಯವಿದೆ.

ಬೆಂಗಳೂರು, ಮೈಸೂರಿನ ಎಲ್‌ಕೆಜಿಗಳಲ್ಲಿ ನಾಲ್ಕು ಗೆರೆಯ ಪುಸ್ತಕ, ಹೋಂವರ್ಕ್ ಕಂಡವರಿಗೆ ಇಲ್ಲಿನ ನರ್ಸರಿ ಮೊದಲ ನೋಟಕ್ಕೆ ಪಾಠವೇ ಇಲ್ಲದ ಜಾಗವಾಗಿ ಕಾಣಬಹುದು. ಮರಳು, ನೀರು, ಮಣ್ಣು, ಬಣ್ಣ, ಮರದ ಇಟ್ಟಿಗೆಗಳ ನಡುವೆ ಮಕ್ಕಳು ತಮ್ಮಷ್ಟಕ್ಕೆ ಓಡಾಡಿಕೊಂಡಿರುತ್ತಾರೆ. ಹುಟ್ಟಿನಿಂದ ಐದು ವರ್ಷದವರೆಗಿನ ಮಕ್ಕಳಿಗಾಗಿ 2008ರಿಂದ ಜಾರಿಯಲ್ಲಿರುವ ಅರ್ಲಿ ಇಯರ್ಸ್ ಫೌಂಡೇಶನ್ ಸ್ಟೇಜ್ ಎಂಬ ಚೌಕಟ್ಟನ್ನು ಇಂಗ್ಲೆಂಡಿನ ಎಲ್ಲ ನೋಂದಾಯಿತ ನರ್ಸರಿಗಳೂ ಪಾಲಿಸಬೇಕು. ಅದರ ಏಳು ಕಲಿಕಾ ಕ್ಷೇತ್ರಗಳಲ್ಲಿ ಮಾತು ಮತ್ತು ಸಂವಹನ, ದೈಹಿಕ ಬೆಳವಣಿಗೆ, ಭಾವನೆಗಳನ್ನು ನಿಭಾಯಿಸಿಕೊಂಡು ಇತರರೊಡನೆ ಬೆರೆಯುವುದು ಎಂಬ ಮೂರನ್ನು ಮೂಲಭೂತವೆಂದು ಎಣಿಸಲಾಗಿದೆ. ‘ಬರೀ ಆಟ ಆಡಿಸಿ ಕಳಿಸುತ್ತಾರೆ’ ಎಂದು ದೂರುವ ಮೊದಲು ಆ ಆಟ ಯಾವ ಕಲಿಕೆಗೆಂದು ಶಿಕ್ಷಕಿಯನ್ನು ಒಮ್ಮೆ ಕೇಳಿ ನೋಡಿ.

ಇನ್ನು ಹಣದ ಮಾತು. ಇಂಗ್ಲೆಂಡಿನಲ್ಲಿ ವಾಸಿಸುವ ಮೂರು ಮತ್ತು ನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ವರ್ಷಕ್ಕೆ 570 ಗಂಟೆಗಳ, ಎಂದರೆ ವಾರಕ್ಕೆ 15 ಗಂಟೆಯಂತೆ 38 ವಾರಗಳ ನರ್ಸರಿ ಸರ್ಕಾರದ ಖರ್ಚಿನಲ್ಲಿ ದೊರೆಯುತ್ತದೆ, ಮತ್ತು ಇದಕ್ಕೆ ತಂದೆ ತಾಯಿಯ ವೀಸಾ ಯಾವುದೆಂಬುದು ಅಡ್ಡಿಯಾಗುವುದಿಲ್ಲ. ಆದರೆ ಮೂರು ತುಂಬಿದ ದಿನವೇ ಇದು ಶುರುವಾಗದು. ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಹುಟ್ಟಿದ ಮಗುವಿಗೆ ಮೂರು ತುಂಬಿದ ಮೇಲೆ ಬರುವ ಜನವರಿ 1ರಿಂದ, ಜನವರಿಯಿಂದ ಮಾರ್ಚ್‌ವರೆಗೆ ಹುಟ್ಟಿದ್ದರೆ ಏಪ್ರಿಲ್ 1ರಿಂದ, ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಹುಟ್ಟಿದ್ದರೆ ಸೆಪ್ಟೆಂಬರ್ 1ರಿಂದ ಅನ್ವಯಿಸುತ್ತದೆ. ಇಬ್ಬರೂ ದುಡಿಯುವ ಪೋಷಕರಿಗೆಂದು ಇರುವ 30 ಗಂಟೆಯ ಯೋಜನೆಯ ಕತೆ ಬೇರೆ. ಸಹೋದ್ಯೋಗಿಯೊಬ್ಬರು ‘ನಮಗೆ ಸಿಗುತ್ತದೆ, ನಿಮಗೂ ಸಿಗುತ್ತದೆ’ ಎಂದ ಮಾತನ್ನು ನಂಬಿ ಮನೆಯ ಖರ್ಚು ಲೆಕ್ಕ ಹಾಕಬೇಡಿ. ತಂದೆ ತಾಯಿ ಇಬ್ಬರ ವೀಸಾದಲ್ಲೂ ‘ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್’ (ಸರ್ಕಾರಿ ನೆರವು ಪಡೆಯುವಂತಿಲ್ಲ) ಎಂಬ ಷರತ್ತಿದ್ದರೆ ಆ ಯೋಜನೆ ದೊರೆಯದು, ಮತ್ತು ಕೆಲಸದ ವೀಸಾದ ಮೇಲೆ ಬಂದ ನಮ್ಮವರಲ್ಲಿ ಹೆಚ್ಚಿನವರಿಗೆ ಈ ಷರತ್ತು ಇದ್ದೇ ಇರುತ್ತದೆ. ಕಡಿಮೆ ಆದಾಯದ ಕುಟುಂಬಗಳ ಎರಡು ವರ್ಷದ ಮಕ್ಕಳಿಗೆ ಇರುವ 15 ಗಂಟೆಯ ಇನ್ನೊಂದು ಯೋಜನೆ ಮಾತ್ರ ಇಂತಹ ವೀಸಾದವರಿಗೂ ಅನ್ವಯಿಸಬಹುದಾದ್ದರಿಂದ, ನಿಮ್ಮ ಕೌನ್ಸಿಲಿನ (ಸ್ಥಳೀಯ ಆಡಳಿತದ) ಫ್ಯಾಮಿಲಿ ಇನ್ಫರ್ಮೇಶನ್ ಸರ್ವಿಸ್‌ನಲ್ಲಿ ವಿಚಾರಿಸಿಕೊಳ್ಳಿ. ಉಚಿತ ಗಂಟೆಗಳ ಜೊತೆಗೆ ಊಟ, ಡಯಾಪರ್ ಮುಂತಾದವಕ್ಕೆ ನರ್ಸರಿಗಳು ಬೇರೆ ಶುಲ್ಕ ಕೇಳುವುದುಂಟು. ಎಷ್ಟೆಂದು ಮೊದಲೇ ಬರವಣಿಗೆಯಲ್ಲಿ ಪಡೆಯಿರಿ. ಇಲ್ಲಿ ಹೇಳಿದ್ದೆಲ್ಲ ಇಂಗ್ಲೆಂಡಿಗೆ ಮಾತ್ರ. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ 1140 ಗಂಟೆ ಇದೆ, ವೇಲ್ಸ್ ಮತ್ತು ಉತ್ತರ ಐರ್ಲೆಂಡಿನ ನಿಯಮಗಳೂ ಬೇರೆ.

ಸರ್ಕಾರಿ ಶಾಲೆಗೆ ಸೇರಿದ ನರ್ಸರಿ ತರಗತಿಗಳು ಸಾಮಾನ್ಯವಾಗಿ ಬೆಳಗ್ಗೆ ಅಥವಾ ಮಧ್ಯಾಹ್ನ ಮೂರು ಗಂಟೆಗಳ ಕಾಲ ಮಾತ್ರ ನಡೆಯುತ್ತವೆ, ಖಾಸಗಿ ನರ್ಸರಿಗಳು ದಿನವಿಡೀ ತೆರೆದಿರುತ್ತವೆ, ಮನೆಯಲ್ಲೇ ಕೆಲವೇ ಮಕ್ಕಳನ್ನು ನೋಡಿಕೊಳ್ಳುವ ಚೈಲ್ಡ್‌ಮೈಂಡರ್‌ಗಳೂ ಇದ್ದಾರೆ. ಆಫ್‌ಸ್ಟೆಡ್ ಎಂಬ ಸರ್ಕಾರಿ ಸಂಸ್ಥೆಯ ತಪಾಸಣಾ ವರದಿಗಳನ್ನು ಯಾರು ಬೇಕಾದರೂ ಓದಬಹುದಾದರೂ, ಒಂದು ದಿನ ಮಗುವನ್ನೂ ಕರೆದುಕೊಂಡು ಹೋಗಿ ಅಲ್ಲಿ ಅಳುವ ಮಗುವನ್ನು ಯಾರು ಹೇಗೆ ಎತ್ತಿಕೊಳ್ಳುತ್ತಾರೆಂದು ನೋಡುವುದು ವರದಿಗಿಂತ ಹೆಚ್ಚನ್ನು ತಿಳಿಸುತ್ತದೆ ಎಂಬುದು ನಮ್ಮ ಅನುಭವ. ಸೇರಿಸುವಾಗ ಪಾಸ್‌ಪೋರ್ಟ್ ಅಥವಾ ಜನನ ಪ್ರಮಾಣಪತ್ರ, ವಿಳಾಸದ ದಾಖಲೆ, ಲಸಿಕೆಯ ಕಾರ್ಡು ಕೈಯಲ್ಲಿರಲಿ. ತಾಯಿ ಕಾರ್ಡನ್ನು ಊರಲ್ಲೇ ಬಿಟ್ಟು ಬಂದಿದ್ದರೆ ಫೋಟೋ ತರಿಸಿಕೊಂಡು, ಬಂದ ಮೊದಲ ವಾರಗಳಲ್ಲೇ ಹತ್ತಿರದ ಜಿಪಿ (ಕುಟುಂಬ ವೈದ್ಯರ) ಕ್ಲಿನಿಕ್ಕಿನಲ್ಲಿ ಮಗುವಿನ ಹೆಸರು ನೋಂದಾಯಿಸಿ, ನೋಂದಣಿಗೆ ಶುಲ್ಕವಿಲ್ಲ. ನಮ್ಮಲ್ಲಿ ಒಂಬತ್ತು ತಿಂಗಳಿಗೆ ಹಾಕುವ ದಡಾರದ ಲಸಿಕೆಯನ್ನು, ಒಂದು ವರ್ಷ ತುಂಬುವ ಮೊದಲೇ ಹಾಕಿದ್ದೆಂಬ ಕಾರಣಕ್ಕೆ ಇಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ನರ್ಸ್ ಮತ್ತೊಮ್ಮೆ ಹಾಕಿಸಿ ಎಂದರೆ ಗಾಬರಿಯಾಗುವುದು ಬೇಡ.

ಮನೆಮಾತಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ, ಏಕೆಂದರೆ ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಮಗುವಿಗೆ ಕಷ್ಟವಾಗದಿರಲೆಂದು ತಂದೆ ತಾಯಿ ಮನೆಯಲ್ಲಿ ಇದ್ದಕ್ಕಿದ್ದಂತೆ ಇಂಗ್ಲಿಷಿಗೆ ಹೊರಳುತ್ತಾರೆ. ಆಗ ಮಗುವಿಗೆ ನರ್ಸರಿಯೂ ಹೊಸದು, ಅಮ್ಮನೂ ಹೊಸಬಳು. ಇಂಗ್ಲಿಷನ್ನು ದಿನವಿಡೀ ಆಡುವವರ ಬಾಯಿಂದಲೇ ಅದು ನರ್ಸರಿಯಲ್ಲಿ ಕಲಿಯುತ್ತದೆ, ಕನ್ನಡವನ್ನಾದರೋ ನಿಮ್ಮ ಮನೆಯಲ್ಲಲ್ಲದೆ ಬೇರೆಲ್ಲೂ ಕೇಳಿಸಿಕೊಳ್ಳಲಾರದು. ಮನೆಮಾತು ಇಂಗ್ಲಿಷ್ ಅಲ್ಲದ ಮಕ್ಕಳಿಗೆ ಆಟ ಕಲಿಕೆಗಳಲ್ಲಿ ತಮ್ಮ ಮನೆಮಾತನ್ನು ಬಳಸಿ ಬೆಳೆಸಿಕೊಳ್ಳಲು ಸಾಧ್ಯವಾದಷ್ಟು ಅವಕಾಶ ಮಾಡಿಕೊಡಬೇಕೆಂದು ಮೇಲೆ ಹೇಳಿದ ಚೌಕಟ್ಟೇ ನರ್ಸರಿಗಳಿಗೆ ವಿಧಿಸಿದೆ. ಆದ್ದರಿಂದ ‘ನಾವು ಮನೆಯಲ್ಲಿ ಕನ್ನಡವನ್ನೇ ಆಡುತ್ತೇವೆ’ ಎಂದು ಸಂಕೋಚವಿಲ್ಲದೆ ಹೇಳಿ. ಹೊಸ ಭಾಷೆಯ ನಡುವೆ ಸಿಕ್ಕ ಮಗು ಕೆಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ, ಒಂದೂ ಮಾತಾಡದೆ ಬರೀ ನೋಡುತ್ತ ಕೇಳುತ್ತ ಇರುವುದುಂಟು. ಮನೆಗೆ ಬಂದು ಕನ್ನಡದಲ್ಲಿ ಎಂದಿನಂತೆ ಹರಟುತ್ತಿದ್ದರೆ ಅದಕ್ಕಾಗಿ ಚಿಂತಿಸಬೇಕಿಲ್ಲ. ಕನ್ನಡದಲ್ಲೂ ಮೂರರ ಹೊತ್ತಿಗೆ ಎರಡು ಮೂರು ಪದ ಕೂಡಿಸಿ ಆಡುತ್ತಿಲ್ಲವೆಂದರೆ ಮಾತ್ರ ‘ಎರಡು ಭಾಷೆಯ ಗೊಂದಲ’ ಎಂದು ಸಮಾಧಾನ ಮಾಡಿಕೊಳ್ಳದೆ ಹೆಲ್ತ್ ವಿಸಿಟರ್ (ಚಿಕ್ಕ ಮಕ್ಕಳ ಬೆಳವಣಿಗೆ ನೋಡಿಕೊಳ್ಳುವ ನರ್ಸ್) ಅಥವಾ ಜಿಪಿಯ ಗಮನಕ್ಕೆ ತಂದು, ಕಿವಿಯ ಪರೀಕ್ಷೆಯನ್ನೂ ಮಾಡಿಸಿ.

ನರ್ಸರಿಯ ಸಿಬ್ಬಂದಿಯಲ್ಲಿ ಪ್ರತಿ ಮಗುವಿನ ಹೊಣೆಗೂ ಒಬ್ಬ ‘ಕೀ ಪರ್ಸನ್’ ಇರಬೇಕೆಂಬುದು ನಿಯಮ. ಆಕೆಗೆ ಹತ್ತು ಹನ್ನೆರಡು ಕನ್ನಡ ಪದಗಳ ಚೀಟಿಯೊಂದನ್ನು, ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರಣೆ ಮತ್ತು ಎದುರಿಗೆ ಅರ್ಥ ಬರೆದು ಕೊಡಿ: ನೀರು, ಸಾಕು, ಬೇಕು, ಬೇಡ, ನೋವು, ಉಚ್ಚೆ, ಕಕ್ಕ, ನಿದ್ದೆ, ಬಿಸಿ, ಅಮ್ಮ, ಅಪ್ಪ, ಅಜ್ಜಿ. ಪುಸ್ತಕದ ಪದಕ್ಕಿಂತ ಮಗುವಿನ ಬಾಯಲ್ಲಿ ಬರುವ ಪದವೇ ಅಲ್ಲಿರಲಿ. ಧಾರವಾಡದ ಕಡೆಯ ಮಗು ‘ಬ್ಯಾಡ’ ಎನ್ನುವುದಾದರೆ ಚೀಟಿಯಲ್ಲೂ ‘ಬ್ಯಾಡ’ ಎಂದೇ ಇರಬೇಕು. ಒಪ್ಪಿಗೆಗೆ ನಮ್ಮ ಮಕ್ಕಳು ತಲೆಯನ್ನು ಆಚೀಚೆ ಆಡಿಸುವುದು ಇಲ್ಲಿನವರಿಗೆ ನಿರಾಕರಣೆಯಂತೆ ಕಾಣುತ್ತದೆಂಬುದನ್ನೂ ಒಂದು ಸಾಲಿನಲ್ಲಿ ತಿಳಿಸಿ, ಇಲ್ಲವಾದರೆ ಹಾಲು ಬೇಕೆಂದ ಮಗುವಿನ ಮುಂದಿನಿಂದ ಹಾಲಿನ ಲೋಟ ಹೋಗಿಬಿಡುತ್ತದೆ. ಮನೆಯಲ್ಲಿ ಪುಟ್ಟ, ಚಿನ್ನು ಎಂದಷ್ಟೇ ಕರೆಸಿಕೊಂಡ ಮಗು ಹಾಜರಿಯಲ್ಲಿ ಪಾಸ್‌ಪೋರ್ಟಿನ ಹೆಸರು ಕೂಗಿದಾಗ ಅದು ತನ್ನದೆಂದೇ ಅರಿಯದೆ ಕುಳಿತಿರಬಹುದು. ಎರಡು ತಿಂಗಳು ಮುಂಚಿನಿಂದಲೇ ನಿಜವಾದ ಹೆಸರಿನಿಂದಲೂ ಕರೆಯಿರಿ. ಇಂಗ್ಲಿಷಿನಲ್ಲಿ ಏನಾದರೂ ಕಲಿಸಲೇಬೇಕೆಂದರೆ ‘ಪ್ಲೀಸ್’, ‘ಥ್ಯಾಂಕ್ಯೂ’, ‘ಟಾಯ್ಲೆಟ್’, ‘ಹೆಲ್ಪ್’ ಸಾಕು. ನಮ್ಮಲ್ಲಿ ಅಮ್ಮನಿಗೆ ಯಾರೂ ಧನ್ಯವಾದ ಹೇಳುವುದಿಲ್ಲ, ‘ಕೊಡು’ ಎಂಬುದರಲ್ಲೇ ಅಕ್ಕರೆಯಿದೆ. ಆದರೆ ಅದನ್ನೇ ಇಂಗ್ಲಿಷಿಗೆ ತಂದು ‘ಗಿವ್’ ಎಂದರೆ ಇಲ್ಲಿ ಒರಟಾಗಿ ಕೇಳಿಸುತ್ತದೆ.

ಶೌಚದ ಅಭ್ಯಾಸದಲ್ಲಿ ನಮ್ಮ ಮಕ್ಕಳಿಗೆ ಇರುವ ತೊಡಕನ್ನು ಇಲ್ಲಿನ ಕೈಪಿಡಿಗಳು ಹೇಳುವುದಿಲ್ಲ. ನಮ್ಮ ಮನೆಗಳಲ್ಲಿ ಮಗು ಕುಳಿತಲ್ಲಿಂದಲೇ ‘ಅಮ್ಮಾ, ಆಯ್ತು’ ಎಂದು ಕೂಗುತ್ತದೆ, ಅಮ್ಮ ಹೋಗಿ ತೊಳೆಸುತ್ತಾಳೆ. ನರ್ಸರಿಯ ಶೌಚಾಲಯದಲ್ಲಿ ಚೊಂಬೂ ಇಲ್ಲ, ನಲ್ಲಿಯ ಪೈಪೂ ಇಲ್ಲ. ಕಾಗದದಿಂದ ತಾನೇ ಒರೆಸಿಕೊಳ್ಳಬೇಕು, ಇಲ್ಲವೇ ಸಹಾಯ ಕೇಳಬೇಕು. ಹೀಗಾಗಿ ತೊಳೆಯುವುದನ್ನು ಬಿಡದೆಯೇ, ಮೊದಲು ಕಾಗದ ಆಮೇಲೆ ನೀರು ಎಂಬ ಕ್ರಮವನ್ನು ಮನೆಯಲ್ಲಿ ರೂಢಿ ಮಾಡಿಸಿ. ಗುಂಡಿಯ ಪ್ಯಾಂಟಿಗಿಂತ ಎಲಾಸ್ಟಿಕ್ ಪ್ಯಾಂಟು ಮೇಲು, ಮತ್ತು ಚೀಲದಲ್ಲಿ ಎರಡು ಜೊತೆ ಹೆಚ್ಚಿನ ಬಟ್ಟೆ ಸದಾ ಇರಲಿ. ಡಯಾಪರ್ ಇನ್ನೂ ಬಿಟ್ಟಿಲ್ಲವೆಂದರೆ ಮುಚ್ಚಿಡದೆ ನರ್ಸರಿಯವರೊಡನೆ ಮಾತಾಡಿ. ಅವರು ಇಂತಹ ಮಕ್ಕಳನ್ನು ದಿನವೂ ನೋಡುತ್ತಿರುತ್ತಾರೆ.

ಊಟದ್ದೂ ಹೀಗೆಯೇ. ಕೈತುತ್ತು ತಿಂದು ಬೆಳೆದ ಮಗುವಿನ ಮುಂದೆ ತಟ್ಟೆಯಿಟ್ಟು ಪಕ್ಕಕ್ಕೆ ಸರಿದರೆ ಅದು ಕಾಯುತ್ತ ಕೂರುತ್ತದೆ, ಅಷ್ಟರಲ್ಲಿ ಊಟದ ಹೊತ್ತು ಮುಗಿದಿರುತ್ತದೆ. ಮೂರು ನಾಲ್ಕು ವರ್ಷದ ಎಂಟು ಮಕ್ಕಳಿಗೆ ಒಬ್ಬರು, ಅರ್ಹ ಶಿಕ್ಷಕರಿದ್ದರೆ ಹದಿಮೂರು ಮಕ್ಕಳಿಗೆ ಒಬ್ಬರು ಇರುವಲ್ಲಿ ಕತೆ ಹೇಳಿ ಉಣಿಸುವವರನ್ನು ನಿರೀಕ್ಷಿಸಲಾಗದು. ಕೆಳಗೆ ಚೆಲ್ಲಿದರೂ ಸರಿ, ಮೊಬೈಲಿಲ್ಲದೆ ತಾನೇ ಚಮಚದಿಂದ ಮೊಸರನ್ನ ತಿನ್ನಲಿ ಬಿಡಿ. ಇದನ್ನು ಊರಿನಿಂದ ಬಂದ ಅಜ್ಜಿಗೆ ಒಪ್ಪಿಸುವುದು ಮಗುವಿಗೆ ಕಲಿಸುವುದಕ್ಕಿಂತ ಕಷ್ಟವೆಂದು ಬಲ್ಲೆವು. ನರ್ಸರಿಗಳಲ್ಲಿ ಕಡಲೆಕಾಯಿ ಮತ್ತಿತರ ಬೀಜಗಳಿಗೆ ಸಾಮಾನ್ಯವಾಗಿ ಪ್ರವೇಶವಿಲ್ಲ. ಆದ್ದರಿಂದ ಚಿತ್ರಾನ್ನದ ಒಗ್ಗರಣೆ, ಶೇಂಗಾ ಚಟ್ನಿಪುಡಿ, ಗೋಡಂಬಿ ಹಾಕಿದ ಉಪ್ಪಿಟ್ಟು ಡಬ್ಬಿಗೆ ಹೋಗದಂತೆ ನೋಡಿಕೊಳ್ಳಿ, ಏಕೆಂದರೆ ಪಕ್ಕದ ಮಗುವಿಗೆ ಅದು ಪ್ರಾಣಾಪಾಯವಾಗಬಹುದು. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿಯೇ ಕಳಿಸಿ. ಇಲ್ಲಿ ‘ವೆಜಿಟೇರಿಯನ್’ ಎಂದರೆ ಮೊಟ್ಟೆ ಸೇರಿರುತ್ತದೆ. ನಿಮ್ಮಲ್ಲಿ ಮೊಟ್ಟೆ ವರ್ಜ್ಯವಾದರೆ ಹಾಗೆಂದು ಬೇರೆಯಾಗಿಯೇ ಬರೆಯಿರಿ, ಹುಟ್ಟುಹಬ್ಬದ ದಿನ ಹಂಚುವ ಜೆಲ್ಲಿ ಮಿಠಾಯಿಗಳಲ್ಲಿ ಪ್ರಾಣಿಜನ್ಯ ಜೆಲಾಟಿನ್ ಇರಬಹುದೆಂಬುದನ್ನೂ ನೆನಪಿಡಿ.

ಮಳೆಯಲ್ಲಿ ನೆನೆದರೆ ಶೀತವಾಗುತ್ತದೆಂದು ಕೇಳುತ್ತ ಬೆಳೆದ ನಮಗೆ, ಜಡಿಮಳೆಯಲ್ಲಿ ಮಕ್ಕಳನ್ನು ಅಂಗಳಕ್ಕೆ ಬಿಡುವುದನ್ನು ಕಂಡು ಜೀವ ಹಿಂಡಿದಂತಾಗುತ್ತದೆ. ಅದನ್ನು ತಡೆಯಲು ಹೋಗುವುದಕ್ಕಿಂತ ನೀರು ನಿಲ್ಲದ ಕೋಟು, ರಬ್ಬರಿನ ಬೂಟು ಕೊಳ್ಳುವುದೇ ವಿವೇಕ. ಮಕ್ಕಳು ಬೇಗ ಬೆಳೆಯುವುದರಿಂದ ಚಾರಿಟಿ ಅಂಗಡಿಯಲ್ಲಿ ಸಿಗುವ ಬಳಸಿದ್ದೂ ನಡೆಯುತ್ತದೆ. ಎಲ್ಲದರ ಮೇಲೂ ಹೆಸರಿರಲಿ.

ಒಂದು ಸೂಕ್ಷ್ಮ ವಿಷಯವನ್ನು ಯಾರೂ ಎತ್ತುವುದಿಲ್ಲವಾದ್ದರಿಂದ ನಾವೇ ಹೇಳಬೇಕು. ನಮ್ಮ ಹಲವು ಮಕ್ಕಳ ಬೆನ್ನು, ಸೊಂಟ, ಪೃಷ್ಠದ ಮೇಲೆ ಹುಟ್ಟಿನಿಂದಲೇ ನೀಲಿ ಬೂದು ಬಣ್ಣದ ಮಚ್ಚೆಗಳಿರುತ್ತವೆ. ಇವನ್ನು ಅರಿಯದವರು ಪೆಟ್ಟಿನ ಗುರುತೆಂದು ತಿಳಿದರೆ, ಮಕ್ಕಳ ರಕ್ಷಣೆಯ ನಿಯಮದಂತೆ ವಿಚಾರಣೆಗೆ ವರದಿ ಮಾಡುವುದು ಅವರ ಕರ್ತವ್ಯವಾಗುತ್ತದೆ. ಸೇರಿಸುವ ದಿನವೇ ತೋರಿಸಿ, ದಾಖಲಿಸಲು ಹೇಳಿ, ಹೆಲ್ತ್ ವಿಸಿಟರ್ ಬಂದಾಗ ಅವರ ದಾಖಲೆಯಲ್ಲೂ ಬರೆಸಿ. ಉಡಿದಾರವೇನೆಂದು, ಕೆನ್ನೆಯ ದೃಷ್ಟಿಬೊಟ್ಟು ಕಾಡಿಗೆಯದೆಂದು ಒಂದು ಮಾತು ತಿಳಿಸಿದರೆ ಸಾಕು. ಬಳೆ, ಕಾಲ್ಗೆಜ್ಜೆ, ನೇತಾಡುವ ಓಲೆಗಳನ್ನು ಮಾತ್ರ ಮನೆಯಲ್ಲೇ ಬಿಚ್ಚಿಡಿ.

ಬಿಟ್ಟು ಬರುವ ದಿನದ ಮಾತಿಗೆ ಬರೋಣ. ಹೆಚ್ಚಿನ ನರ್ಸರಿಗಳು ಮೊದಲು ಒಂದು ಗಂಟೆ ನಿಮ್ಮೊಂದಿಗೆ, ಆಮೇಲೆ ಒಂದು ಗಂಟೆ ನೀವಿಲ್ಲದೆ, ಹೀಗೆ ಮೆಲ್ಲನೆ ಒಗ್ಗಿಸುತ್ತವೆ. ಆ ದಿನಗಳಿಗೆ ರಜೆ ಉಳಿಸಿಕೊಂಡಿರಿ. ‘ಅಲ್ನೋಡು ಕಾಗೆ’ ಎಂದು ತೋರಿಸಿ ಹಿಂದಿನಿಂದ ಜಾರಿಕೊಳ್ಳುವುದು ನಮ್ಮ ಹಳೆಯ ಉಪಾಯ. ಅದು ಒಂದು ದಿನ ನಡೆಯುತ್ತದೆ. ಮರುದಿನದಿಂದ ಮಗು ಕಾಗೆಯನ್ನೂ ನಂಬದು, ನಿಮ್ಮ ಸೆರಗನ್ನೂ ಬಿಡದು. ಅತ್ತರೂ ಸರಿ, ಮುಖ ನೋಡಿ ‘ಊಟ ಆದಮೇಲೆ ಬರುತ್ತೇನೆ’ ಎಂದು ಹೇಳಿ ಹೊರಡಿ. ಗಡಿಯಾರ ತಿಳಿಯದ ಮಗುವಿಗೆ ಊಟ ತಿಳಿಯುತ್ತದೆ. ಅದಕ್ಕೂ ಮುಂಚಿನ ತಿಂಗಳುಗಳಲ್ಲಿ ಗ್ರಂಥಾಲಯದಲ್ಲಿ ಶಿಶುಗೀತೆ ಹಾಡಿಸುವ ಉಚಿತ ರೈಮ್‌ಟೈಮ್, ಚರ್ಚಿನ ಸಭಾಂಗಣದಲ್ಲಿ ನಡೆಯುವ ಪ್ಲೇಗ್ರೂಪುಗಳಿಗೆ ಹೋಗಿಬಂದಿದ್ದರೆ ಗುಂಪು, ಗದ್ದಲ, ಸರದಿ ಕಾಯುವುದು ಹೊಸದೆನಿಸುವುದಿಲ್ಲ. ಊರಿಗೆ ಹೋಗಿಬರುವುದಿದ್ದರೆ ಸೇರಿಸುವ ಮೊದಲೇ ಹೋಗಿ ಮೂರು ವಾರ ಮುಂಚೆ ಮರಳಿ. ಒಗ್ಗಿಕೊಂಡ ಮೇಲೆ ಆರು ವಾರ ಅಜ್ಜಿಯ ಮಡಿಲಲ್ಲಿ ಕಳೆದು ಬಂದರೆ ಎಲ್ಲವನ್ನೂ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ವಾಂತಿ ಭೇದಿಯಾದರೆ ಕೊನೆಯ ಸಲವಾದ ಮೇಲೆ 48 ಗಂಟೆ ಮನೆಯಲ್ಲೇ ಇರಿಸಿಕೊಳ್ಳಬೇಕು. ಕರೆದೊಯ್ಯಲು ಬರುವವರ ಹೆಸರನ್ನು ಮೊದಲೇ ಬರೆಸಿರಬೇಕು. ಪಟ್ಟಿಯಲ್ಲಿಲ್ಲದ ಅಜ್ಜನ ಜೊತೆ, ಮಗು ಓಡಿಹೋಗಿ ಅವರ ಕಾಲು ತಬ್ಬಿಕೊಂಡರೂ, ಕಳಿಸುವುದಿಲ್ಲ.

ನರ್ಸರಿಯಲ್ಲಿ ಜಾಗ ಸಿಕ್ಕಿತೆಂದ ಮಾತ್ರಕ್ಕೆ ಅದೇ ಶಾಲೆಯ ರಿಸೆಪ್ಶನ್ (ಶಾಲೆಯ ಮೊದಲ ವರ್ಷದ) ತರಗತಿಯಲ್ಲಿ ಜಾಗ ಖಚಿತವಾಗುವುದಿಲ್ಲ. ನಾಲ್ಕು ತುಂಬಿದ ಬಳಿಕ ಬರುವ ಸೆಪ್ಟೆಂಬರಿನಲ್ಲಿ ಆರಂಭವಾಗುವ ಆ ತರಗತಿಗೆ, ಅದೇ ವರ್ಷದ ಜನವರಿ 15ರೊಳಗೆ ನಿಮ್ಮ ಕೌನ್ಸಿಲಿಗೆ ಬೇರೆಯಾಗಿ ಅರ್ಜಿ ಹಾಕಬೇಕು. ಫಲಿತಾಂಶ ಏಪ್ರಿಲ್ 16ರಂದು, ಅಂದು ರಜೆಯಿದ್ದರೆ ಮುಂದಿನ ಕೆಲಸದ ದಿನ ಬರುತ್ತದೆ. ಸಂಕ್ರಾಂತಿಯ ಎಳ್ಳುಬೆಲ್ಲದ ಸಡಗರ ಅದೇ ದಿನಗಳಲ್ಲಿ ಬೀಳುವುದರಿಂದ, ಹಬ್ಬಕ್ಕೆ ಮೊದಲೇ ಅರ್ಜಿ ಸಲ್ಲಿಸಿ ಮುಗಿಸಿ.