ಬೆನ್ನಿನ ಆಪರೇಷನ್ ಆದವರು ಮನೆಗೆ ಹೋಗುವ ದಿನ: ನಮ್ಮ ವಾರ್ಡಿನ ನೋಟ್‌ಬುಕ್

ನಮ್ಮ ವಾರ್ಡಿನ ನರ್ಸಿಂಗ್ ಸ್ಟೇಷನ್ನಿನ ಡ್ರಾಯರಿನಲ್ಲಿ ಒಂದು ಉದ್ದನೆಯ ಗೆರೆ ನೋಟ್‌ಬುಕ್ ಇದೆ. ಬೆಳಗ್ಗೆ ರಾತ್ರಿ ಪಾಳಿಯವರು ಹ್ಯಾಂಡ್‌ಓವರ್ ಕೊಡುವಾಗ, ಬೆನ್ನಿನ ಆಪರೇಷನ್ ಆದ ಪ್ರತಿಯೊಬ್ಬರ ಬೆಡ್ ನಂಬರಿನ ಮುಂದೆ ಒಂದು ಸಾಲು ಬರೆಯುತ್ತೇವೆ. ಇವರು ಇವತ್ತು ಇಲ್ಲಿ ಯಾಕಿದ್ದಾರೆ? ಇಷ್ಟೇ ಪ್ರಶ್ನೆ. ಉತ್ತರವಾಗಿ ಬರೀ ‘ನೋವು’ ಎಂದು ಬರೆಯುವಂತಿಲ್ಲ. ಗಾಯದ ನೋವೋ, ಕಾಲಿಗೆ ಎಳೆಯುವ ನೋವೋ, ಹೊಟ್ಟೆ ಉಬ್ಬಿದ ನೋವೋ, ಅದನ್ನು ಬಿಡಿಸಿ ಬರೆಯಬೇಕು.

ನಾನು ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ 14 ವರ್ಷಗಳಿಂದ ಈ ವಾರ್ಡಿನ ನರ್ಸ್, ಅದರಲ್ಲಿ 6 ವರ್ಷಗಳಿಂದ ಇನ್‌ಚಾರ್ಜ್. ಈ ನೋಟ್‌ಬುಕ್ ಶುರುವಾಗಿದ್ದು ಇಬ್ಬರು ಪೇಷಂಟ್‌ಗಳಿಂದ. ಇಬ್ಬರಿಗೂ ಒಂದೇ ದಿನ, ಒಬ್ಬರೇ ಸರ್ಜನ್, ಸೊಂಟದ ನಾಲ್ಕನೇ, ಐದನೇ ಬೆನ್ನುಮೂಳೆ ಸೇರುವ ಎಲ್4-ಎಲ್5 ಜಾಗಕ್ಕೆ ಸ್ಕ್ರೂ, ರಾಡ್ ಹಾಕಿದ್ದರು. ಗದಗ ಕಡೆಯ ಗಂಡಸು 4ನೇ ದಿನ ವಾಕರ್ ಹಿಡಿದು ಮನೆಗೆ ಹೋದರು. ಹಾವೇರಿ ಕಡೆಯ ತಾಯಿ 11ನೇ ದಿನ ಹೋದರು. ರೌಂಡ್ಸ್‌ನಲ್ಲಿ ಸರ್ಜನ್ ‘ಈ ಅಮ್ಮ ಇನ್ನೂ ಯಾಕೆ ಇಲ್ಲೇ ಇದ್ದಾರೆ ಸಿಸ್ಟರ್’ ಎಂದು ಕೇಳಿದಾಗ ನನ್ನಲ್ಲಿ ಉತ್ತರ ಇರಲಿಲ್ಲ. ಕೇಸ್ ಶೀಟಿನಲ್ಲಿ ಐದು ದಿನದಿಂದ ‘ನೋವು ಇದೆ, ಅದೇ ಚಿಕಿತ್ಸೆ ಮುಂದುವರಿಸಿ’ ಎಂದೇ ಇತ್ತು.

ಅವತ್ತು ಡ್ಯೂಟಿ ಮುಗಿದ ಮೇಲೆ ಆ ಶೀಟನ್ನು ಮೊದಲ ಪುಟದಿಂದ ಓದುತ್ತ ಕೂತೆ. ಅಡ್ಮಿಟ್ ಆದಾಗಲೇ ಹಿಮೋಗ್ಲೋಬಿನ್ 9ರ ಆಸುಪಾಸು. ಆಪರೇಷನ್ನಿನಲ್ಲಿ ರಕ್ತ ಹೋಗಿ ಇನ್ನೂ ಇಳಿದಿದೆ. ಎದ್ದು ಕೂರಿಸಿದರೆ ತಲೆ ತಿರುಗುತ್ತದೆ, ಅದಕ್ಕೆ ಫಿಸಿಯೋದವರು ‘ನಾಳೆ ನೋಡೋಣ’ ಎಂದಿದ್ದಾರೆ. ಮರುದಿನ ಭಾನುವಾರ, ಫಿಸಿಯೋ ಇಲ್ಲ. ಎದ್ದು ಓಡಾಡದ ಕಾರಣ ಮೂತ್ರದ ಪೈಪನ್ನು 3ನೇ ದಿನದವರೆಗೆ ಬಿಟ್ಟಿದ್ದೇವೆ. ತೆಗೆದ ಮೇಲೆ ಮೂತ್ರ ಕಟ್ಟಿದೆ, ಮತ್ತೆ ಹಾಕಿದ್ದೇವೆ. 5ನೇ ದಿನ ಚಳಿಜ್ವರ, ಮೂತ್ರದ ಸೋಂಕು. ಅಷ್ಟರಲ್ಲಿ ಐದು ದಿನದಿಂದ ಮಲವಿಸರ್ಜನೆ ಇಲ್ಲ. ಬೆಡ್‌ಪ್ಯಾನ್ ಬೇಡವೆಂದು ಆ ತಾಯಿ ಊಟವನ್ನೇ ಅರ್ಧ ಮಾಡಿದ್ದರು, ಅದು ಅವರ ಸೊಸೆಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ. ಕೊನೆಗೆ ಎಲ್ಲ ಸರಿಹೋದ ದಿನ ಅಮಾವಾಸ್ಯೆ. ಈ ಹನ್ನೊಂದೂ ದಿನ ಬೆನ್ನಿನ ಗಾಯ ಮಾತ್ರ ಒಣಗಿ ಚೊಕ್ಕವಾಗಿತ್ತು.

ಆ ಶೀಟು ಓದಿ ಮುಗಿಸಿದಾಗ ನನಗೆ ತುಂಬ ಸಂಕಟವಾಯಿತು. ಸರ್ಜನ್ ತಮ್ಮ ಕೆಲಸ ಸರಿಯಾಗಿ ಮಾಡಿದ್ದರು. ಉಳಿದ ಏಳು ದಿನಗಳ ನೋವಿನಲ್ಲಿ ನಮ್ಮ ವಾರ್ಡಿನ ಪಾಲೇ ದೊಡ್ಡದಿತ್ತು.

ಸ್ಲಿಪ್ ಡಿಸ್ಕ್‌ಗೆ ಮಾಡುವ ಸಣ್ಣ ಆಪರೇಷನ್ ಆದವರು ನಮ್ಮಲ್ಲಿ ಸಾಮಾನ್ಯವಾಗಿ ಒಂದೆರಡು ದಿನಕ್ಕೆ ಹೋಗುತ್ತಾರೆ. ಒಂದು ಮಟ್ಟದ, ಅಂದರೆ ಎರಡು ಬೆನ್ನುಮೂಳೆ ಸೇರುವ ಒಂದು ಜಾಗದ, ಸ್ಕ್ರೂ ಆಪರೇಷನ್‌ಗೆ ಮೂರರಿಂದ ಐದು ದಿನ. ಎರಡು ಮೂರು ಮಟ್ಟಕ್ಕೆ ಸ್ಕ್ರೂ ಹಾಕಿದರೆ, ಆಪರೇಷನ್ ಹೊತ್ತು ಹೆಚ್ಚಾದರೆ, ರಕ್ತ ಹೆಚ್ಚು ಹೋದರೆ, ವಯಸ್ಸಾಗಿದ್ದರೆ, ಹೃದಯ, ಕಿಡ್ನಿ ತೊಂದರೆ ಇದ್ದರೆ ದಿನ ಏರುತ್ತದೆ. ಇದನ್ನು ಯಾವ ನರ್ಸೂ ಬದಲಿಸಲಾರಳು. ನಾನು ಹಿಡಿದದ್ದು ನನ್ನ ಕೈಗೆ ಸಿಗುವ ಕಾರಣಗಳನ್ನು ಮಾತ್ರ.

ಮೊದಲನೆಯದು ಅಡ್ಮಿಟ್ ಆಗುವುದಕ್ಕೂ ಮುಂಚಿನ ದಿನಗಳು. ಓಪಿಡಿಯಲ್ಲಿ ಆಪರೇಷನ್ ತೀರ್ಮಾನವಾದ ಕೂಡಲೇ ಪೇಷಂಟನ್ನು ಹದಿನೈದು ನಿಮಿಷ ನನ್ನ ಹತ್ತಿರ ಕಳಿಸಿ ಎಂದು ಕೇಳಿಕೊಂಡೆ. ಹೆಂಗಸರಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ, ಗಂಡಸರಲ್ಲಿ 13ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ನಮ್ಮ ಕಡೆ ಹೊಲದಲ್ಲಿ ದುಡಿಯುವ ಹೆಂಗಸರಲ್ಲಿ 9, 10 ಎಂದರೆ ಯಾರೂ ಗಾಬರಿಯಾಗುವುದಿಲ್ಲ, ‘ನಮಗ ಮೊದಲಿಂದ ಹಂಗೇ ಐತ್ರಿ’ ಎನ್ನುತ್ತಾರೆ. ಕಬ್ಬಿಣದ ಮಾತ್ರೆ ಕೆಲಸ ಮಾಡಲು ವಾರಗಳೇ ಬೇಕು, ಹಿಂದಿನ ದಿನ ಕೊಟ್ಟರೆ ಪ್ರಯೋಜನವಿಲ್ಲ. ಈಗ ಡಾಕ್ಟರು ಮೊದಲೇ ಮಾತ್ರೆಯನ್ನೋ ಡ್ರಿಪ್‌ನಲ್ಲಿ ಹಾಕುವ ಕಬ್ಬಿಣವನ್ನೋ ಶುರು ಮಾಡುತ್ತಾರೆ. ಸಕ್ಕರೆ ಕಾಯಿಲೆ ಇದ್ದವರ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 8 ದಾಟಿದ್ದರೆ ನಮ್ಮ ಸರ್ಜನ್ ತುರ್ತಿಲ್ಲದ ಆಪರೇಷನ್ ಮುಂದೂಡುತ್ತಾರೆ. ಕಾಲಿನ ಬಲ ಕುಸಿಯುತ್ತಿದ್ದರೆ, ಮೂತ್ರದ ಹಿಡಿತ ತಪ್ಪಿದ್ದರೆ ಕಾಯುವ ಮಾತೇ ಇಲ್ಲ, ಅದು ಬೇರೆ ಲೆಕ್ಕ. ಗುಟ್ಕಾ, ಬೀಡಿ, ತಂಬಾಕಿನ ಬಗ್ಗೆಯೂ ಅಲ್ಲೇ ಹೇಳುತ್ತೇನೆ. ನಿಕೋಟಿನ್ ಗಾಯ ಮಾಯುವುದನ್ನೂ ಮೂಳೆ ಕೂಡುವುದನ್ನೂ ತಡೆಯುತ್ತದೆ.

ಅದೇ ಹದಿನೈದು ನಿಮಿಷದಲ್ಲಿ ಮಗ್ಗುಲಾಗಿ ಏಳುವುದನ್ನು ಕಲಿಸುತ್ತೇನೆ. ಬೆನ್ನು ತಿರುಚದೆ ಮರದ ದಿಮ್ಮಿ ಉರುಳಿದ ಹಾಗೆ ಇಡೀ ಮೈ ಒಟ್ಟಿಗೆ ಮಗ್ಗುಲಾಗಬೇಕು, ಆಮೇಲೆ ಕಾಲು ಕೆಳಗೆ ಬಿಡುತ್ತ ಮೊಣಕೈ ಊರಿ ಏಳಬೇಕು. ಆಪರೇಷನ್ ಆದ ಮೇಲೆ ನೋವಿನಲ್ಲಿ ಇದನ್ನು ಹೊಸದಾಗಿ ಕಲಿಸುವುದು ಬಹಳ ಕಷ್ಟ. ಮನೆಯಲ್ಲಿ ಎರಡು ವಾರ ಅಭ್ಯಾಸ ಮಾಡಿಕೊಂಡು ಬಂದವರು ಅದೇ ಸಂಜೆ ಹಾಸಿಗೆಯ ಅಂಚಿನಲ್ಲಿ ಕೂರುತ್ತಾರೆ, ಮರುದಿನ ಬೆಳಗ್ಗೆ ನಡೆಯುತ್ತಾರೆ.

ಇದೆಲ್ಲ ನಾನು ಕಂಡುಹಿಡಿದದ್ದಲ್ಲ. ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಲೆಟ್ ಎನ್ನುವವರು 1990ರ ದಶಕದಲ್ಲಿ ಕರುಳಿನ ಆಪರೇಷನ್ ಆದವರನ್ನು ಬೇಗ ಉಣ್ಣಿಸಿ, ಬೇಗ ನಡೆಸಿ, ಬೇಗ ಮನೆಗೆ ಕಳಿಸಿ ತೋರಿಸಿದರು. ಆ ದಾರಿಗೆ ಈಗ ಎರಾಸ್ (ಆಪರೇಷನ್ ನಂತರ ಬೇಗ ಚೇತರಿಸುವ ಕ್ರಮ) ಎಂಬ ಹೆಸರಿದೆ. ಸೊಂಟದ ಸ್ಕ್ರೂ ಆಪರೇಷನ್‌ಗೆಂದೇ ಅದರ ಶಿಫಾರಸುಗಳು 2021ರಲ್ಲಿ ಬಂದವು. ನಮ್ಮ ಅರಿವಳಿಕೆ ಡಾಕ್ಟರು ಅದನ್ನು ಓದಿ ವಿವರಿಸಿದ ಮೇಲೆ ನಾವು ಮೊದಲು ಬಿಟ್ಟದ್ದು ‘ರಾತ್ರಿ ಹನ್ನೆರಡರ ನಂತರ ಹನಿ ನೀರೂ ಬೇಡ’ ಎನ್ನುವ ಹಳೆಯ ಪದ್ಧತಿಯನ್ನು. ಮಧ್ಯಾಹ್ನ ಎರಡಕ್ಕೆ ಓಟಿಗೆ ಹೋಗುವವರು ಹದಿನಾಲ್ಕು ತಾಸು ಬಾಯಾರಿ ಕೂತಿರುತ್ತಿದ್ದರು. ಈಗ ಅರಿವಳಿಕೆ ಡಾಕ್ಟರು ಒಪ್ಪಿದವರಿಗೆ ಆರು ತಾಸು ಮುಂಚಿನವರೆಗೆ ಹಗುರ ಆಹಾರ, ಎರಡು ತಾಸು ಮುಂಚಿನವರೆಗೆ ನೀರು ಅಥವಾ ಹಾಲು ಹಾಕದ ಚಹಾ. ಹಾಲು ಹಾಕಿದ ಚಹಾ ಆಹಾರದ ಲೆಕ್ಕಕ್ಕೆ ಬರುತ್ತದೆ ಎಂದು ಮನೆಯವರಿಗೆ ಎರಡು ಸಲ ಹೇಳಬೇಕು.

ನೋವಿನ ವಿಷಯದಲ್ಲಿ ನಾನು ತುಂಬ ತಪ್ಪು ಮಾಡುತ್ತಿದ್ದೆ. ಕೇಳಿದರೆ ಇಂಜೆಕ್ಷನ್, ಕೇಳದಿದ್ದರೆ ಇಲ್ಲ. ನಮ್ಮ ಹಳ್ಳಿಯ ಜನ ಕೇಳುವುದಿಲ್ಲ. ‘ಇರ್ಲಿ ಬಿಡ್ರೀ ಸಿಸ್ಟರ್, ತಡ್ಕೋತೀನಿ’ ಎನ್ನುತ್ತಾರೆ. ತಡೆದುಕೊಂಡು ಅಲುಗಾಡದೆ ಮಲಗುತ್ತಾರೆ. ಅಲ್ಲಿಂದಲೇ ಎಲ್ಲ ಶುರು: ಉಸಿರು ಆಳವಾಗಿ ಎಳೆಯುವುದಿಲ್ಲ, ಕರುಳು ಕೆಲಸ ಮಾಡುವುದಿಲ್ಲ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ. ಈಗ ಪ್ಯಾರಸಿಟಮಾಲ್ ಗಡಿಯಾರ ನೋಡಿ ಕೊಡುತ್ತೇವೆ, ಕೇಳಲಿ ಬಿಡಲಿ. ನಡೆಸುವುದಕ್ಕೆ ಸ್ವಲ್ಪ ಮುಂಚೆ ಒಂದು ಡೋಸ್ ಬೀಳುವ ಹಾಗೆ ಹೊತ್ತು ಹೊಂದಿಸುತ್ತೇವೆ. ಟ್ರಮಡಾಲ್‌ನಂಥ ಬಲವಾದ ನೋವಿನ ಔಷಧಿಗಳು ತೀರ ಬೇಕಾದಾಗ ಮಾತ್ರ. ಅವು ಮಲ ಕಟ್ಟಿಸುತ್ತವೆ, ವಾಂತಿ ತರುತ್ತವೆ, ವಯಸ್ಸಾದವರಿಗೆ ರಾತ್ರಿ ಗೊಂದಲ ಮಾಡುತ್ತವೆ. ಅವನ್ನು ಕೊಟ್ಟ ದಿನವೇ ಮಲ ಸಡಿಲಿಸುವ ಔಷಧಿಯನ್ನೂ ಡಾಕ್ಟರ ಹತ್ತಿರ ಬರೆಸಿಕೊಳ್ಳುತ್ತೇನೆ. ಮೂರನೇ ದಿನ ಎನಿಮಾಕ್ಕೆ ಓಡುವ ಪರಿಸ್ಥಿತಿ ಈಗ ಅಪರೂಪ.

ಮೂತ್ರದ ಪೈಪನ್ನು ಮರುದಿನ ಬೆಳಗ್ಗೆ ಆರಕ್ಕೇ ತೆಗೆಯುತ್ತೇವೆ. ಬೆಳಗ್ಗೆಯೇ ಯಾಕೆಂದರೆ, ಕಟ್ಟಿದರೆ ಹಗಲಿನಲ್ಲಿ ಗೊತ್ತಾಗುತ್ತದೆ. ಗಂಡಸರನ್ನು ನಿಲ್ಲಿಸಿ, ಹೆಂಗಸರನ್ನು ಕಮೋಡ್ ಕುರ್ಚಿಯಲ್ಲಿ ಕೂರಿಸಿ, ಪರದೆ ಎಳೆದು, ನಾವು ಹೊರಗೆ ಬರುತ್ತೇವೆ. ಮಲಗಿದಲ್ಲೇ ಹೋಗದವರು ಹೀಗೆ ಮಾಡಿದರೆ ಹೋಗುತ್ತಾರೆ. ಆದರೆ ಇಲ್ಲಿ ಒಂದು ಎಚ್ಚರ ಬೇಕು, ಹೊಸ ಹುಡುಗಿಯರಿಗೆ ನಾನು ಮತ್ತೆ ಮತ್ತೆ ಹೇಳುವುದು ಇದನ್ನೇ. ಮೂತ್ರ ಕಟ್ಟಿದ ಜೊತೆಗೆ ಕೂರುವ ಜಾಗ ಮರಗಟ್ಟಿದೆ ಎಂದರೆ, ಕಾಲಿನ ಬಲ ನಿನ್ನೆಗಿಂತ ಕಡಿಮೆ ಎನಿಸಿದರೆ, ಒಳಗೆ ರಕ್ತ ಕಟ್ಟಿ ನರ ಒತ್ತುತ್ತಿರಬಹುದು. ಆಗ ಪೈಪು ಹಾಕಿ ಸುಮ್ಮನಾಗುವಂತಿಲ್ಲ, ರಾತ್ರಿ ಎರಡಾದರೂ ಸರ್ಜನ್ ಅವರನ್ನು ಎಬ್ಬಿಸಬೇಕು.

ಬೆನ್ನುಹುರಿ, ನರಗಳನ್ನು ಸುತ್ತಿರುವ ಡ್ಯೂರಾ ಎನ್ನುವ ಪೊರೆ ಆಪರೇಷನ್ನಿನಲ್ಲಿ ಹರಿದು ಹೊಲಿದಿದ್ದರೆ ಬೇಗ ಎಬ್ಬಿಸುವ ಈ ಯಾವ ಆತುರವೂ ಸಲ್ಲದು. ಸರ್ಜನ್ ಹೇಳಿದಷ್ಟು ಹೊತ್ತು ಸಪಾಟಾಗಿ ಮಲಗಿಸಲೇಬೇಕು. ಎದ್ದು ಕೂತರೆ ತಲೆ ಸಿಡಿದು, ಮಲಗಿದರೆ ಕಡಿಮೆಯಾಗುತ್ತದೆ ಎಂದರೆ ಬೆನ್ನುಹುರಿಯ ದ್ರವ ಸೋರುತ್ತಿದೆ ಎಂದೇ ನೋಡಬೇಕು.

ಅಡ್ಮಿಟ್ ಆಗುವಾಗಲೇ ‘ಎಲ್ಲ ಸರಿಹೋದರೆ ಗುರುವಾರ ಮನೆಗೆ’ ಎಂದು ದಿನ ಹೇಳಿಬಿಡುತ್ತೇನೆ. ಇದರಿಂದ ಆದಷ್ಟು ಲಾಭ ಬೇರೆ ಯಾವುದರಿಂದಲೂ ಆಗಲಿಲ್ಲ. ಮನೆಯವರು ಕ್ಯಾಲೆಂಡರ್ ನೋಡುತ್ತಾರೆ. ‘ಗುರುವಾರ ಅಮಾಸಿ ಐತ್ರಿ’ ಎಂದು ಅವತ್ತೇ ತಿಳಿದರೆ ಬುಧವಾರಕ್ಕೆ ಆಗುತ್ತದೆಯೇ ಎಂದು ಸರ್ಜನ್ ಜೊತೆ ಮಾತಾಡಬಹುದು, ಇಲ್ಲವೇ ಅಡ್ಮಿಷನ್ನನ್ನೇ ಒಂದೆರಡು ದಿನ ಸರಿಸಬಹುದು. ಜನರ ನಂಬಿಕೆಯ ಜೊತೆ ವಾದಕ್ಕೆ ಇಳಿಯುವುದರಲ್ಲಿ ನನಗೆ ಮನಸ್ಸಿಲ್ಲ. ದೊಡ್ಡ ಆಪರೇಷನ್‌ಗಳನ್ನು ಈಗ ಸೋಮವಾರ, ಮಂಗಳವಾರ ಇಟ್ಟುಕೊಳ್ಳುತ್ತಾರೆ. ಶುಕ್ರವಾರ ಆದವರ ಎರಡನೇ ದಿನ ಭಾನುವಾರಕ್ಕೆ ಬೀಳುತ್ತದೆ, ನಡೆಸುವವರಿಲ್ಲದೆ ಆ ದಿನ ವ್ಯರ್ಥವಾಗುತ್ತದೆ ಎಂದು ನೋಟ್‌ಬುಕ್ ತೋರಿಸಿತ್ತು.

‘ಹೊಲಿಗಿ ಬಿಚ್ಚಿದ ಮ್ಯಾಲೆ ಹೋಗ್ತೀವ್ರೀ, ಊರಾಗ ಏನರ ಆದ್ರ ಯಾರು ನೋಡ್ಬೇಕು?’ ಎನ್ನುವುದು ನೋಟ್‌ಬುಕ್ಕಿನಲ್ಲಿ ಅತಿ ಹೆಚ್ಚು ಸಲ ಬಂದ ಸಾಲುಗಳಲ್ಲಿ ಒಂದು. ಹೊಲಿಗೆ ಬಿಚ್ಚಲು 10ರಿಂದ 14 ದಿನ ಬೇಕು. ಅವರ ಭಯ ನ್ಯಾಯವಾದದ್ದೇ. ಕೊಪ್ಪಳದ ಆಚೆಯ ಹಳ್ಳಿಯಿಂದ ಬೆನ್ನು ಹಿಡಿದುಕೊಂಡು ಮತ್ತೆ ಬರುವುದು ಸುಲಭವಲ್ಲ. ಅವರ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರ್‌ಗೆ ಕನ್ನಡದಲ್ಲೇ ಒಂದು ಚೀಟಿ ಬರೆದು ಕೊಡುತ್ತೇವೆ: ಯಾವ ದಿನ ಡ್ರೆಸ್ಸಿಂಗ್, ಯಾವ ದಿನ ಹೊಲಿಗೆ, ಏನು ಕಂಡರೆ ಕೂಡಲೇ ಫೋನ್. ಗಾಯದ ಫೋಟೋ ವಾಟ್ಸಾಪ್‌ಗೆ ಕಳಿಸಲು ಮಗನಿಗೋ ಮೊಮ್ಮಗಳಿಗೋ ತೋರಿಸಿಕೊಡುತ್ತೇವೆ.

ಇನ್ನೊಂದು ಸಂಡಾಸ. ಕುಕ್ಕರಗಾಲಲ್ಲಿ ಕೂರುವ ಸಂಡಾಸಷ್ಟೇ ಮನೆಯಲ್ಲಿದ್ದರೆ ಪೇಷಂಟ್ ಬಾಯಿಬಿಟ್ಟು ಹೇಳುವುದಿಲ್ಲ, ‘ಇನ್ನೆರಡ್ ದಿನ ಇರ್ತೀವ್ರೀ’ ಎನ್ನುತ್ತಾರೆ. ಅದರ ಮೇಲೆ ಇಡುವ ಕಮೋಡ್ ಕುರ್ಚಿ ಆಪರೇಷನ್‌ಗೆ ಮುಂಚೆಯೇ ಮನೆ ಸೇರಿರಬೇಕು ಎಂದು ಓಪಿಡಿಯಲ್ಲೇ ಹೇಳುತ್ತೇನೆ. ಜೊತೆಗೆ ನೆಲದ ಹಾಸಿಗೆ ಬೇಡ, ಮಂಚ ಇರಲಿ.

ವಿಮೆಯ ಕಾಗದಕ್ಕೂ ದಿನ ಹೋಗುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಪೂರ್ವಾನುಮತಿಗಾಗಿ ವಾರ್ಡಿನಲ್ಲೇ ಮಲಗಿ ಕಾಯುವವರಿದ್ದರು. ಈಗ ಅವರ ಕಾಗದಗಳನ್ನು ಓಪಿಡಿಯಿಂದಲೇ ಹೊಂದಿಸುತ್ತೇವೆ. ಖಾಸಗಿ ವಿಮೆಯವರಿಗೆ ಡಿಸ್ಚಾರ್ಜ್ ಕೋರಿಕೆ ತಲುಪಿದ ಮೂರು ತಾಸಿನೊಳಗೆ ವಿಮಾ ಕಂಪನಿ ಅಂತಿಮ ಅನುಮತಿ ಕೊಡಬೇಕೆಂದು ವಿಮೆಯ ನಿಯಂತ್ರಕ ಸಂಸ್ಥೆಯಾದ ಐಆರ್‌ಡಿಎಐ 2024ರಲ್ಲಿ ಹೇಳಿದೆ. ಡಿಸ್ಚಾರ್ಜ್ ಸಮ್ಮರಿಯನ್ನು ನಾವೇ ಹಿಂದಿನ ಸಂಜೆ ಸಿದ್ಧ ಮಾಡಿಟ್ಟರೆ ಆ ನಿಯಮದಿಂದ ಪೇಷಂಟ್‌ಗೆ ಉಪಯೋಗ.

ನೋಟ್‌ಬುಕ್ ಶುರುವಾದ ಎರಡನೇ ವರ್ಷ ನನ್ನಿಂದ ಒಂದು ತಪ್ಪು ನಡೆಯಿತು. ರೈತರೊಬ್ಬರು, ಸಕ್ಕರೆ ಕಾಯಿಲೆ ಇತ್ತು, 3ನೇ ದಿನ ಚೆನ್ನಾಗಿ ನಡೆಯುತ್ತಿದ್ದರು. ಹೊರಡುವ ಬೆಳಗ್ಗೆ ಡ್ರೆಸ್ಸಿಂಗ್ ಮೇಲೆ ರೂಪಾಯಿ ನಾಣ್ಯದಷ್ಟು ಒದ್ದೆ ಕಂಡಿತು. ಕಾರು ಬಂದು ನಿಂತಿತ್ತು, ಸಮ್ಮರಿ ಸಿದ್ಧವಿತ್ತು. ಬದಲಾಯಿಸಿ ಹೊಸ ಡ್ರೆಸ್ಸಿಂಗ್ ಹಾಕಿ ಕಳಿಸಿಬಿಟ್ಟೆ, ಸರ್ಜನ್‌ಗೆ ಹೇಳಲಿಲ್ಲ. 8ನೇ ದಿನ ಜ್ವರ, ಕೀವು ಸಮೇತ ಅವರು ವಾಪಸ್ ಬಂದರು. ಮತ್ತೆ ಓಟಿ, ಗಾಯ ತೊಳೆದು, ವಾರಗಟ್ಟಲೆ ಆ್ಯಂಟಿಬಯೋಟಿಕ್. ಅವರ ಹೆಂಡತಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅದು ನನಗೆ ಇವತ್ತಿಗೂ ಚುಚ್ಚುತ್ತದೆ. ಅವತ್ತಿನಿಂದ ನೋಟ್‌ಬುಕ್ಕಿನ ಒಳರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ: ಒದ್ದೆ ಡ್ರೆಸ್ಸಿಂಗ್, ಜ್ವರ, ಹೊಸ ನಿಶ್ಶಕ್ತಿ, ಕಟ್ಟಿದ ಮೂತ್ರ, ಇವುಗಳಲ್ಲಿ ಒಂದಿದ್ದರೂ ಕಾರು ಕಾಯಲಿ. ಮನೆಗೆ ಹೋದವರಿಗೆ ಮೂರನೇ ದಿನ ಫೋನ್ ಮಾಡುವುದೂ ಅಂದಿನಿಂದಲೇ. ವಾಪಸ್ ಬಂದವರ ದಿನಗಳನ್ನು ಮೊದಲ ಸಲದ ದಿನಗಳ ಪಕ್ಕದಲ್ಲೇ ಬರೆಯುತ್ತೇವೆ, ಬೇಗ ಕಳಿಸಿದೆವೆಂಬ ಸಮಾಧಾನ ಸುಳ್ಳಾಗಬಾರದು ಎಂದು.

ಕಳೆದ ಮಳೆಗಾಲದಲ್ಲಿ ಎಪ್ಪತ್ತರ ಹತ್ತಿರದ ಅಜ್ಜಿಯೊಬ್ಬರಿದ್ದರು. ರಕ್ತ ಸರಿಯಿತ್ತು, ನಡಿಗೆ ಸರಿಯಿತ್ತು, 4ನೇ ದಿನಕ್ಕೆ ಎಲ್ಲವೂ ಸರಿ. ಅಡ್ಮಿಟ್ ಮಾಡಿದ್ದ ಅವರ ಅಕ್ಕನ ಮಗ ಬಿತ್ತನೆಗೆಂದು ಊರಿಗೆ ಹೋಗಿದ್ದ. 4ನೇ ದಿನದ ಸಾಲಿನಲ್ಲಿ ‘ಮನೆಯಲ್ಲಿ ಯಾರೂ ಇಲ್ಲ’ ಎಂದು ಬರೆದೆ. 5, 6, 7, 8ನೇ ದಿನವೂ ಅದೇ ಸಾಲು. ಊರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದೆ, ಅವರು ದಿನಾ ಬಂದು ನೋಡುತ್ತೇನೆ ಎಂದರು, ಆದರೆ ರಾತ್ರಿ ಜೊತೆಗೆ ಮಲಗುವವರು ಬೇಕಿತ್ತು. 9ನೇ ದಿನ ಅಕ್ಕನ ಮಗ ಬಂದ, ಊರಿನ ಗೂಡ್ಸ್ ಗಾಡಿ ತಂದಿದ್ದ. ಅದರಲ್ಲಿ ಕೂರಿಸಲು ನಾನು ಬಿಡಲಿಲ್ಲ. ನಮ್ಮ ವಾರ್ಡಿನ ಹುಡುಗಿಯರೇ ದುಡ್ಡು ಕೂಡಿಸಿ ಕಾರು ಮಾಡಿದರು, ಮುಂದಿನ ಸೀಟು ಹಿಂದಕ್ಕೆ ಮಾಡಿ, ಸೊಂಟಕ್ಕೆ ದಿಂಬು ಕೊಟ್ಟು, ತಾಸಿಗೊಮ್ಮೆ ಇಳಿಸಿ ನಾಲ್ಕು ಹೆಜ್ಜೆ ನಡೆಸು ಎಂದು ಅವನಿಗೆ ಹೇಳಿ ಕಳಿಸಿದೆವು. ಈಗ ಓಪಿಡಿಯ ಹದಿನೈದು ನಿಮಿಷದಲ್ಲಿ ಮೊದಲು ಕೇಳುವ ಪ್ರಶ್ನೆ: ‘ಮನ್ಯಾಗ ರಾತ್ರಿ ಜೋಡಿ ಯಾರ ಇರ್ತಾರ್ರೀ?’