ಒಳಗಿನಿಂದ ಹೊರಕ್ಕೆ ಓಡುವ ಇಂಡಿಕೇಟರ್: ಮೇಜಿನ ಮೇಲೆ ಮಾಡಿ ನೋಡಿ

ಸಂಜೆ ಹೊತ್ತು ಎದುರಿನಿಂದ ಬರುವ ಹೊಸ ಕಾರು ಇಂಡಿಕೇಟರ್ ಹಾಕಿದ್ದನ್ನು ಗಮನಿಸಿರುತ್ತೀರಿ. ಹಳದಿ ಬೆಳಕು ಗ್ರಿಲ್ ಪಕ್ಕದಲ್ಲಿ ಹುಟ್ಟಿ, ಗೆರೆ ಎಳೆದ ಹಾಗೆ ಹೊರಗಿನ ಅಂಚಿನವರೆಗೆ ಓಡುತ್ತದೆ. ಆಮೇಲೆ ಫಕ್ಕನೆ ಆರಿ, ಮತ್ತೆ ಮೊದಲಿಂದ ಓಡುತ್ತದೆ. ನೋಡೋಕೆ ಚೆನ್ನಾಗಿದೆ, ಅಲ್ವಾ? ಆದರೆ ಆ ಓಟಕ್ಕೆ ಒಂದು ಕೆಲಸ ಇದೆ. ಕಾರು ಯಾವ ಕಡೆ ಹೋಗುತ್ತದೆ ಎಂದು ಎದುರಿನ ಸ್ಕೂಟರ್ ಸವಾರನಿಗೆ ಅದು ಬೇಗ ಹೇಳಬೇಕು. ಗಂಟೆಗೆ 40 ಕಿ.ಮೀ. ವೇಗದಲ್ಲಿರುವ ಸ್ಕೂಟರ್ ಒಂದು ಸೆಕೆಂಡಿಗೆ 11 ಮೀಟರ್ ಮುಂದೆ ಬಂದಿರುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎರಡು ಮೀಟರ್ ಹೋಯಿತು. ಹಾಗಾಗಿ ಇಂಡಿಕೇಟರ್ ವಿನ್ಯಾಸ ಮಾಡುವವರು ಕಾರಿನ ಮಾಲೀಕನನ್ನು ಬಿಟ್ಟು ಆ ಸವಾರನನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಈ ಲೇಖನದ ಒಂದೊಂದು ಹಂತವನ್ನೂ ಅವನನ್ನು ನೆನೆದೇ ಬರೆದಿದ್ದೇನೆ.

ಇದಕ್ಕೆ ಸೀಕ್ವೆನ್ಷಿಯಲ್ ಇಂಡಿಕೇಟರ್ ಎಂದು ಹೆಸರು. ಐಡಿಯಾ ಹೊಸದೇನಲ್ಲ. ಅಮೆರಿಕದ ಫೋರ್ಡ್ ಕಂಪನಿಯ 1965ರ ಥಂಡರ್‌ಬರ್ಡ್ ಕಾರಿನ ಹಿಂಭಾಗದಲ್ಲಿ ಪ್ರತಿ ಬದಿಗೂ ಮೂರು ಬಲ್ಬ್ ಒಂದಾದ ಮೇಲೊಂದು ಹೊತ್ತಿಕೊಳ್ಳುತ್ತಿದ್ದವು. ಆಗ ಚಿಪ್ ಎಲ್ಲಿತ್ತು? ಒಂದು ಪುಟ್ಟ ಮೋಟಾರ್ ತಿರುಗಿ ಸ್ವಿಚ್‌ಗಳನ್ನು ಸರದಿಯಂತೆ ಒತ್ತುತ್ತಿತ್ತು. ಎಲ್‌ಇಡಿ ಬಂದ ಮೇಲೆ ಆಡಿ ಕಂಪನಿ 2012ರಲ್ಲಿ ಆರ್8 ಕಾರಿನ ಹಿಂದಿನ ದೀಪಕ್ಕೂ, 2013ರಲ್ಲಿ ಎ8 ಕಾರಿನ ಹೆಡ್‌ಲೈಟ್‌ಗೂ ಇದನ್ನು ತಂದಿತು.

ನಾವು ಈಗ ಇದನ್ನು ಮೇಜಿನ ಮೇಲೆ ಮಾಡೋಣ. ಕಾರಿಗೆ ಯಾಕೆ ಹಾಕಬಾರದು ಎಂಬುದನ್ನೂ ಮುಂದೆ ಹೇಳುತ್ತೇನೆ.

ಮೊದಲು ಕಾಗದ, ಆಮೇಲೆ ಸೋಲ್ಡರ್

ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ ಇಂಡಿಕೇಟರ್‌ಗೆಂದೇ 6ನೇ ನಿಯಮ ಇದೆ. ಹೊಸ ದೀಪಗಳಿಗೆ ಅದೇ ವಿಷಯ ಈಗ 148ನೇ ನಿಯಮದಲ್ಲಿ ಬರುತ್ತದೆ. ಓಡುವ ಇಂಡಿಕೇಟರ್‌ಗೆ ಅದು ಹಾಕುವ ಷರತ್ತುಗಳನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳಿ. ಬೆಳಕು ಒಳಗಿನಿಂದ ಹೊರಕ್ಕೇ ಓಡಬೇಕು. ಓಟ ಒಂದೇ ಸಮನಾಗಿರಬೇಕು. ಒಮ್ಮೆ ಹೊತ್ತಿದ ಎಲ್‌ಇಡಿ ಆ ಸುತ್ತು ಮುಗಿಯುವ ತನಕ ಆರಬಾರದು. ಹೊತ್ತಲು ಶುರುವಾದ 200 ಮಿಲಿಸೆಕೆಂಡ್ ಒಳಗೆ ಪೂರ್ತಿ ಪಟ್ಟಿ ಬೆಳಗಿರಬೇಕು. ಮಿನುಗುವ ವೇಗ ನಿಮಿಷಕ್ಕೆ 60ರಿಂದ 120 ಸಲ.

ಆ 200 ಮಿಲಿಸೆಕೆಂಡ್ ಎಂಬ ಮಿತಿಯನ್ನು ಸ್ವಲ್ಪ ನಿಂತು ನೋಡಿ. ಹಳೆಯ ಬಲ್ಬ್‌ನ ತಂತಿ ಕಾದು ಪೂರ್ತಿ ಬೆಳಕು ಕೊಡೋಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿಯುತ್ತದೆ. ಎಲ್‌ಇಡಿ ತಕ್ಷಣ ಹೊತ್ತುತ್ತದೆ. ಹಾಗಾಗಿ ಓಟಕ್ಕೆ ಅಷ್ಟು ಸಮಯ ಕೊಟ್ಟರೂ ಸವಾರನಿಗೆ ಮೊದಲಿಗಿಂತ ತಡವೇನೂ ಆಗುವುದಿಲ್ಲ. ಅದಕ್ಕಿಂತ ನಿಧಾನ ಮಾಡಿದರೆ ಮಾತ್ರ ಚಂದಕ್ಕಾಗಿ ಅವನ ಸಮಯ ಕದ್ದ ಹಾಗೆ.

ಈಗ ಲೆಕ್ಕ. ನಿಮಿಷಕ್ಕೆ 90 ಸಲ ಎಂದರೆ ಒಂದು ಸುತ್ತಿಗೆ ಸುಮಾರು 667 ಮಿಲಿಸೆಕೆಂಡ್. ಅದರಲ್ಲಿ ಅರ್ಧ ಹೊತ್ತಿರಲಿ, ಅರ್ಧ ಆರಿರಲಿ. ನಮ್ಮ ಪಟ್ಟಿಯಲ್ಲಿ 12 ಎಲ್‌ಇಡಿ. ಮೊದಲನೆಯದು ಸೊನ್ನೆಯಲ್ಲೇ ಹೊತ್ತುತ್ತದೆ, ಉಳಿದ 11 ತಲಾ 15 ಮಿಲಿಸೆಕೆಂಡ್ ಬಿಟ್ಟು. ಒಟ್ಟು 165. ಮಿತಿಗಿಂತ 35 ಕಡಿಮೆ, ಅದು ನಮ್ಮ ಉಳಿತಾಯ. 165ರಿಂದ 333ರವರೆಗೆ ಪೂರ್ತಿ ಪಟ್ಟಿ ಗಟ್ಟಿಯಾಗಿ ಉರಿಯುತ್ತದೆ. ಈ ನಿಲುಗಡೆ ಬಹಳ ಮುಖ್ಯ. ದೂರದಲ್ಲಿರುವವರಿಗೆ ಓಟ ಕಾಣಿಸದೇ ಇರಬಹುದು, ಆದರೆ ಗಟ್ಟಿಯಾಗಿ ಉರಿಯುವ ಹಳದಿ ಪಟ್ಟಿ ಕಂಡೇ ಕಾಣುತ್ತದೆ.

ಸಾಮಾನು

ಬೆಂಗಳೂರಿನವರಿಗೆ ಎಸ್‌ಪಿ ರೋಡ್‌ನಲ್ಲಿ ಒಂದು ಸುತ್ತು ಹೊಡೆದರೆ ಎಲ್ಲವೂ ಸಿಗುತ್ತದೆ. ಬೇರೆ ಊರಿನವರು ಆನ್‌ಲೈನ್‌ನಲ್ಲಿ ತರಿಸಿಕೊಳ್ಳಬಹುದು. ಒಂದು ಆರ್ಡುಯಿನೊ ನ್ಯಾನೊ ಬೋರ್ಡ್, ಅಂದರೆ ನಾವು ಬರೆದ ಪ್ರೋಗ್ರಾಮ್ ಓಡಿಸುವ ಪುಟ್ಟ ಕಂಪ್ಯೂಟರ್. ಮೀಟರಿಗೆ 60 ಎಲ್‌ಇಡಿ ಇರುವ, ಒಂದೊಂದು ಎಲ್‌ಇಡಿಯನ್ನೂ ಬೇರೆಯಾಗಿ ಹೊತ್ತಿಸಬಹುದಾದ ಡಬ್ಲ್ಯುಎಸ್2812ಬಿ ಪಟ್ಟಿ, 12 ಎಲ್‌ಇಡಿಯಷ್ಟು ಉದ್ದ, ಅಂದರೆ 20 ಸೆಂ.ಮೀ. 12 ವೋಲ್ಟ್‌ನ ಅಡಾಪ್ಟರ್, ಅದನ್ನು 5 ವೋಲ್ಟಿಗೆ ಇಳಿಸುವ ಬಕ್ ಮಾಡ್ಯೂಲ್. ಪಿಸಿ817 ಆಪ್ಟೊಕಪ್ಲರ್ (ಒಂದು ಬದಿಯ ಸುದ್ದಿಯನ್ನು ಬೆಳಕಿನ ಮೂಲಕ ಇನ್ನೊಂದು ಬದಿಗೆ ದಾಟಿಸುವ ಬಿಡಿಭಾಗ) ಒಂದು. 1000 ಮೈಕ್ರೊಫ್ಯಾರಡ್ ಕೆಪಾಸಿಟರ್, 1 ಕಿಲೊಓಮ್ ಮತ್ತು 330 ಓಮ್ ರೆಸಿಸ್ಟರ್. 3 ಮಿ.ಮೀ. ದಪ್ಪದ ಹಾಲುಬಣ್ಣದ ಅಕ್ರಿಲಿಕ್ ತುಂಡು. ಕೊನೆಗೆ ಆಟೊ ಎಲೆಕ್ಟ್ರಿಕಲ್ ಅಂಗಡಿಯಿಂದ ಒಂದು ಎಲ್‌ಇಡಿ ಫ್ಲಾಷರ್, ಅಂದರೆ ಇಂಡಿಕೇಟರ್ ಮಿನುಗಲೆಂದು ಕರೆಂಟನ್ನು ಬಿಟ್ಟು ಬಿಟ್ಟು ಕೊಡುವ ಪುಟ್ಟ ಡಬ್ಬಿ. ಎಲ್‌ಇಡಿಯದ್ದೇ ಅಂತ ಕೇಳಿ ತೆಗೆದುಕೊಳ್ಳಿ. ಮಾಮೂಲಿ ಫ್ಲಾಷರ್‌ಗೆ 21 ವ್ಯಾಟ್ ಬಲ್ಬ್‌ಗಳು ಎಳೆಯುವಷ್ಟು ಕರೆಂಟ್ ಬೇಕು. ಅಷ್ಟು ಸಿಗದಿದ್ದರೆ ಬಲ್ಬ್ ಹೋಗಿದೆ ಎಂದುಕೊಂಡು ಟಕಟಕಟಕ ಎಂದು ಅವಸರದಲ್ಲಿ ಬಡಿದುಕೊಳ್ಳುತ್ತದೆ.

ಪೆಟ್ಟಿಗೆ ಕಟ್ಟುವುದು

ದಪ್ಪ ರಟ್ಟಿನಿಂದ 20 ಸೆಂ.ಮೀ. ಉದ್ದ, 3 ಸೆಂ.ಮೀ. ಎತ್ತರದ ಒಂದು ಕಾಲುವೆ ಮಾಡಿ. ಒಳಗೆ ಬಿಳಿ ಕಾಗದ ಅಂಟಿಸಿ. ತಳದಲ್ಲಿ ಪಟ್ಟಿ, ಬಾಯಿಗೆ ಅಕ್ರಿಲಿಕ್. ಎರಡರ ನಡುವೆ ಎಷ್ಟು ಅಂತರ? ಪಟ್ಟಿಯಲ್ಲಿ ಎಲ್‌ಇಡಿಯಿಂದ ಎಲ್‌ಇಡಿಗೆ ಸುಮಾರು 17 ಮಿ.ಮೀ. ಇದೆ. ಅಕ್ರಿಲಿಕ್ ಕನಿಷ್ಠ ಅಷ್ಟು ದೂರ ಇದ್ದರೆ ಚುಕ್ಕಿಗಳು ಕರಗಿ ಒಂದೇ ಗೆರೆಯಾಗುತ್ತವೆ. ನಾನು 20 ಇಡುತ್ತೇನೆ. ಹತ್ತಿರ ತಂದರೆ ಹನ್ನೆರಡು ಗುಂಡು ಚುಕ್ಕಿಗಳು ಎದ್ದು ಕಾಣುತ್ತವೆ. ಜಾಸ್ತಿ ದೂರ ಇಟ್ಟರೆ ಬೆಳಕು ಹರಡಿ ಓಟದ ಅಂಚು ಮಂಕಾಗುತ್ತದೆ, ಯಾವ ಕಡೆ ಓಡುತ್ತಿದೆ ಎಂದೇ ತಿಳಿಯುವುದಿಲ್ಲ.

ಪಟ್ಟಿಯ ಮೇಲೆ ಬಾಣದ ಗುರುತು ಇರುತ್ತದೆ, ಡೇಟಾ ಆ ದಿಕ್ಕಿಗೆ ಹೋಗುತ್ತದೆ. ಎಡಗಡೆ ದೀಪಕ್ಕೂ ಬಲಗಡೆ ದೀಪಕ್ಕೂ ಬಾಣ ಕಾರಿನ ಮಧ್ಯದಿಂದ ಹೊರಗೆ ನೋಡುತ್ತಿರಲಿ. ಎರಡೂ ಪಟ್ಟಿಯನ್ನು ಒಂದೇ ದಿಕ್ಕಿಗೆ ಅಂಟಿಸಿಬಿಟ್ಟರೆ ಒಂದು ಕಡೆ ಬೆಳಕು ಒಳಮುಖವಾಗಿ ಓಡುತ್ತದೆ. ಎಡಕ್ಕೆ ತಿರುಗುವ ಕಾರು ಬಲಕ್ಕೆ ಕೈ ತೋರಿಸಿದ ಹಾಗೆ. ಇದಕ್ಕಿಂತ ಅಪಾಯದ ತಪ್ಪು ಈ ಕೆಲಸದಲ್ಲಿ ಇನ್ನೊಂದಿಲ್ಲ.

ವೈರಿಂಗ್, ಮತ್ತು ನಾನು ಎಡವಿದ ಜಾಗ

ಮೊದಲು ಬಕ್ ಮಾಡ್ಯೂಲ್ ಒಂದನ್ನೇ ಅಡಾಪ್ಟರ್‌ಗೆ ಜೋಡಿಸಿ, ಮಲ್ಟಿಮೀಟರ್ ಇಟ್ಟು, ಸ್ಕ್ರೂ ತಿರುಗಿಸಿ ಸರಿಯಾಗಿ 5 ವೋಲ್ಟ್‌ಗೆ ತನ್ನಿ. ಅದಾದ ಮೇಲೇ ಬೋರ್ಡ್, ಪಟ್ಟಿ ಎಲ್ಲ. 5 ವೋಲ್ಟ್ ಮತ್ತು ಅರ್ಥ್ ನಡುವೆ ಪಟ್ಟಿಯ ಬುಡದಲ್ಲೇ ಕೆಪಾಸಿಟರ್ ಹಾಕಿ, ಪ್ಲಸ್ ಮೈನಸ್ ನೋಡಿಕೊಂಡು. ಬೋರ್ಡ್‌ನಿಂದ ಪಟ್ಟಿಗೆ ಹೋಗುವ ಡೇಟಾ ವೈರ್‌ನಲ್ಲಿ 330 ಓಮ್. ಕರೆಂಟ್ ಬಗ್ಗೆ ಚಿಂತೆ ಬೇಡ. ಹಳದಿ ಬಣ್ಣದಲ್ಲಿ ಒಂದು ಎಲ್‌ಇಡಿ ಸುಮಾರು 27 ಮಿಲಿಆಂಪ್ ಎಳೆದರೆ, ಹನ್ನೆರಡಕ್ಕೆ 325 ಆಸುಪಾಸು.

ಈಗ ಇಂಡಿಕೇಟರ್ ವೈರ್, ಅಂದರೆ ಅಡಾಪ್ಟರ್‌ನ 12 ವೋಲ್ಟನ್ನು ಫ್ಲಾಷರ್ ಮೂಲಕ ತರುವ ವೈರ್. ಮೊದಲ ಸಲ ಮಾಡಿದಾಗ ನಾನು ಫ್ಲಾಷರ್‌ನಿಂದ ಬರುವ ವೈರನ್ನೇ ಬೋರ್ಡ್‌ಗೆ ಪವರ್ ಆಗಿ ಕೊಟ್ಟಿದ್ದೆ. ಹಳೆಯ ಬಲ್ಬ್ ಇದ್ದ ಹೋಲ್ಡರ್‌ಗೆ ಹೊಸ ದೀಪ ಸಿಕ್ಕಿಸಿದ ಹಾಗೆ ಸಲೀಸು ಅಂದುಕೊಂಡಿದ್ದೆ. ಫ್ಲಾಷರ್ ಟಿಕ್ ಟಿಕ್ ಅನ್ನುತ್ತಿದೆ, ಬೋರ್ಡ್‌ನ ಪುಟ್ಟ ಕೆಂಪು ದೀಪವೂ ಮಿನುಗುತ್ತಿದೆ, ಪಟ್ಟಿ ಮಾತ್ರ ಕತ್ತಲೆ. ಅರ್ಧ ದಿನ ಸೋಲ್ಡರ್ ಬಿಚ್ಚಿ ಬಿಚ್ಚಿ ಹಾಕಿದೆ. ಕಾರಣ ಬೇರೆಯೇ ಇತ್ತು. ಪ್ರತಿ ಮಿನುಗಿಗೂ ಬೋರ್ಡ್ ಹೊಸದಾಗಿ ಎದ್ದೇಳಬೇಕು. ನನ್ನ ಹತ್ತಿರ ಇದ್ದ ಹಳೆಯ ಬೂಟ್‌ಲೋಡರ್‌ನ (ಬೋರ್ಡ್ ಎದ್ದಾಗ ಮೊದಲು ಓಡುವ ಪುಟ್ಟ ಪ್ರೋಗ್ರಾಮ್) ನ್ಯಾನೊ, ಹೊಸ ಪ್ರೋಗ್ರಾಮ್ ಬರುತ್ತದೇನೋ ಎಂದು ಒಂದು ಕ್ಷಣ ಕಾದು ಆಮೇಲೆ ಕೆಲಸ ಶುರುಮಾಡುವ ಜಾತಿಯದು. ಅದು ಏಳುವಷ್ಟರಲ್ಲಿ ಕರೆಂಟ್ ಹೋಗಿರುತ್ತಿತ್ತು.

ಹಾಗಾಗಿ ಬೋರ್ಡ್‌ಗೆ ಯಾವಾಗಲೂ ಪವರ್ ಇರಲಿ. ಫ್ಲಾಷರ್‌ನ ವೈರ್ ಬರೀ ಸುದ್ದಿ ಹೇಳಲಿ. ಆ ವೈರನ್ನು 1 ಕಿಲೊಓಮ್ ಮೂಲಕ ಆಪ್ಟೊಕಪ್ಲರ್‌ನ 1ನೇ ಕಾಲಿಗೆ ಕೊಡಿ. 2ನೇ ಕಾಲು ಅರ್ಥ್‌ಗೆ. ಆಚೆ ಬದಿಯಲ್ಲಿ 4ನೇ ಕಾಲು ಬೋರ್ಡ್‌ನ ಡಿ2 ಪಿನ್‌ಗೆ, 3ನೇ ಕಾಲು ಬೋರ್ಡ್‌ನ ಅರ್ಥ್‌ಗೆ. ಪಿನ್‌ಗೆ ಒಳಗಿನ ಪುಲ್‌ಅಪ್ (ಸುದ್ದಿ ಇಲ್ಲದಾಗ ಪಿನ್ ಅನ್ನು 5 ವೋಲ್ಟ್‌ನಲ್ಲಿ ಹಿಡಿದಿಡುವ ರೆಸಿಸ್ಟರ್) ಪ್ರೋಗ್ರಾಮ್‌ನಲ್ಲೇ ಆನ್ ಮಾಡಿ. ಫ್ಲಾಷರ್ ಹೊತ್ತಿದಾಗ ಪಿನ್ ಸೊನ್ನೆಗೆ ಬರುತ್ತದೆ. 12 ವೋಲ್ಟ್ ಕಡೆಯ ಗಲಾಟೆ ಬೋರ್ಡ್‌ನ ಪಿನ್‌ಗೆ ನೇರವಾಗಿ ತಾಗುವುದಿಲ್ಲ.

ಪ್ರೋಗ್ರಾಮ್‌ನ ಬುದ್ಧಿ

ಪಟ್ಟಿಗೆ ಬೇಕಾದ ರೆಡಿಮೇಡ್ ಲೈಬ್ರರಿ ಆರ್ಡುಯಿನೊದಲ್ಲೇ ಸಿಗುತ್ತದೆ. ನಾವು ಬರೆಯಬೇಕಾದದ್ದು ಸ್ವಲ್ಪ. ಪಿನ್ ಸೊನ್ನೆಗೆ ಬಂದ ಕ್ಷಣವನ್ನು ನೆನಪಿಟ್ಟುಕೋ. ಅಲ್ಲಿಂದ ಎಷ್ಟು ಮಿಲಿಸೆಕೆಂಡ್ ಆಯಿತು ನೋಡು, 15ರಿಂದ ಭಾಗಿಸು, ಒಂದು ಕೂಡಿಸು. ಅಷ್ಟು ಎಲ್‌ಇಡಿ ಹೊತ್ತಿಸು, 12 ಆದ ಮೇಲೆ ಹಾಗೇ ಇರು. ಪಿನ್ ಮೇಲೆ ಹೋಯಿತಾ, ಎಲ್ಲವನ್ನೂ ಒಟ್ಟಿಗೆ ಆರಿಸು. ಇಷ್ಟೇ.

ಕಾಯುವ ಆಜ್ಞೆ ಬಳಸಿ ಒಂದೊಂದೇ ಎಲ್‌ಇಡಿ ಹೊತ್ತಿಸುವುದು ಸುಲಭ, ನಿಜ. ಆದರೆ ಕಾಯುತ್ತಾ ಕೂತ ಬೋರ್ಡ್‌ಗೆ ಪಿನ್ ಬದಲಾಗಿದ್ದು ಗೊತ್ತಾಗುವುದಿಲ್ಲ. ಆಗ ಡ್ಯಾಶ್‌ಬೋರ್ಡ್‌ನ ಟಿಕ್ ಸದ್ದು ಒಂದು ಕಡೆ, ಬೆಳಕು ಇನ್ನೊಂದು ಕಡೆ. ಗಡಿಯಾರ ನೋಡಿ ಲೆಕ್ಕ ಹಾಕುವ ವಿಧಾನದಲ್ಲಿ ತಾಳ ಫ್ಲಾಷರ್‌ನದೇ ಆಗಿರುತ್ತದೆ. ಹಜಾರ್ಡ್ ಒತ್ತಿದಾಗಲೂ ಎರಡು ಬದಿ ಒಟ್ಟಿಗೆ ಓಡುತ್ತವೆ. 12 ಎಲ್‌ಇಡಿಗೆ ಡೇಟಾ ಕಳಿಸಲು ಅರ್ಧ ಮಿಲಿಸೆಕೆಂಡೂ ಬೇಡ, ಹಾಗಾಗಿ ತಡವರಿಕೆ ಇಲ್ಲ.

ಹಿಂದೆ ಮುಂದೆ ಓಡುವುದು, ಬಾಲ ಬಿಟ್ಟುಕೊಂಡು ಹೋಗುವುದು, ಮಧ್ಯದಿಂದ ಎರಡೂ ಕಡೆ ಹರಡುವುದು, ಇವನ್ನೆಲ್ಲ ಹಬ್ಬದ ಸೀರಿಯಲ್ ಸೆಟ್‌ಗೆ ಇಟ್ಟುಕೊಳ್ಳಿ. ರಸ್ತೆಯಲ್ಲಿ ಅವು ದಿಕ್ಕು ಹೇಳುವುದಿಲ್ಲ.

ಬಣ್ಣ ಮತ್ತು ಪಕ್ಕದ ಹೆಡ್‌ಲೈಟ್

ಬಣ್ಣಕ್ಕೆ ಕೆಂಪು 255, ಹಸಿರು 90ರಿಂದ 100, ನೀಲಿ ಸೊನ್ನೆ ಎಂದು ಶುರು ಮಾಡಿ. ನಿಜವಾದ ಕಾರಿನ ಇಂಡಿಕೇಟರ್ ಪಕ್ಕದಲ್ಲಿ ಹಿಡಿದು ಕಣ್ಣಿನಿಂದಲೇ ಹೋಲಿಸಿ. ಫೋನಿನ ಕ್ಯಾಮೆರಾ ಹಳದಿಯನ್ನು ಬೇರೆ ಥರ ತೋರಿಸುತ್ತದೆ.

ಹೊಳಪಿನ ವಿಷಯಕ್ಕೆ ಬಂದರೆ ಸಣ್ಣ ಪ್ರಯೋಗ ಒಂದಿದೆ. ರಾತ್ರಿ ನಿಮ್ಮ ಪೆಟ್ಟಿಗೆಯ ಪಕ್ಕ, ಒಂದು ಬೆರಳಷ್ಟು ಜಾಗ ಬಿಟ್ಟು, ಜೋರಾದ ಬಿಳಿ ಟಾರ್ಚ್ ಹಚ್ಚಿಡಿ. 25 ಹೆಜ್ಜೆ ದೂರ ಹೋಗಿ ತಿರುಗಿ ನೋಡಿ. ಇಂಡಿಕೇಟರ್ ಮಾಯ! ಟಾರ್ಚನ್ನು ಒಂದು ಗೇಣು ಸರಿಸಿದರೆ ಮತ್ತೆ ಕಾಣುತ್ತದೆ. ನಿಯಮ ಬರೆದವರಿಗೂ ಇದು ಗೊತ್ತು. ಮುಂದಿನ ಇಂಡಿಕೇಟರ್ ಲೋ ಬೀಮ್‌ನಿಂದ 40 ಮಿ.ಮೀ. ಅಥವಾ ಹೆಚ್ಚು ದೂರ ಇದ್ದರೆ ಕನಿಷ್ಠ 175 ಕ್ಯಾಂಡೆಲಾ (ಒಂದು ದಿಕ್ಕಿಗೆ ಹೋಗುವ ಬೆಳಕಿನ ಅಳತೆ) ಬೆಳಕು ಸಾಕು. 20ರಿಂದ 40ರ ನಡುವೆ ಇದ್ದರೆ 250 ಬೇಕು. 20ಕ್ಕಿಂತ ಹತ್ತಿರವಾದರೆ 400. ಹೆಡ್‌ಲೈಟ್ ಹತ್ತಿರ ಹೋದಷ್ಟೂ ಇಂಡಿಕೇಟರ್ ಗಟ್ಟಿಯಾಗಿ ಮಾತಾಡಬೇಕು. ಹಗಲಲ್ಲಿ ಉರಿಯುವ ಬಿಳಿ ಡಿಆರ್‌ಎಲ್ ಅನ್ನು ಎಷ್ಟೋ ಕಾರುಗಳು ಇಂಡಿಕೇಟರ್ ಹಾಕಿದ ಬದಿಯಲ್ಲಿ ಮಂಕು ಮಾಡುವುದು ಅಥವಾ ಆರಿಸುವುದು ಇದಕ್ಕೇ.

ನಮ್ಮ ಪಟ್ಟಿಯ ಒಂದು ಎಲ್‌ಇಡಿ ಕೊಡುವುದು ಹೆಚ್ಚೆಂದರೆ ಒಂದೆರಡು ಕ್ಯಾಂಡೆಲಾ. ಹನ್ನೆರಡೂ ಸೇರಿದರೂ 175ರ ಹತ್ತಿರ ಸುಳಿಯುವುದಿಲ್ಲ. ನಿಜವಾದ ಹೆಡ್‌ಲೈಟ್‌ನಲ್ಲಿ ಹುಟ್ಟುತ್ತಲೇ ಹಳದಿಯಾಗಿರುವ ಜೋರಾದ ಎಲ್‌ಇಡಿಗಳು, ಅವುಗಳ ಬಿಸಿ ಎಳೆಯುವ ಅಲ್ಯೂಮಿನಿಯಂ, ಬೆಳಕನ್ನು ಮುಂದಕ್ಕೆ ಒತ್ತಿ ಕಳಿಸುವ ಲೆನ್ಸ್ ಇರುತ್ತವೆ.

ಕಾರಿಗೆ ಯಾಕೆ ಬೇಡ

ಮೊದಲ ಕಾರಣ ಈಗ ಹೇಳಿದ ಹೊಳಪು. ಹಗಲು ಬಿಸಿಲಲ್ಲಿ ಈ ಪಟ್ಟಿ ಕಾಣುವುದೇ ಇಲ್ಲ. ಎರಡನೆಯದು, ಇಂಥ ಪಟ್ಟಿಯಲ್ಲಿ ಡೇಟಾ ಒಂದು ಎಲ್‌ಇಡಿಯಿಂದ ಮುಂದಿನದಕ್ಕೆ ದಾಟಿಕೊಂಡು ಹೋಗುತ್ತದೆ. ಮೂರನೆಯದು ಕೆಟ್ಟರೆ ಉಳಿದ ಒಂಬತ್ತೂ ಕತ್ತಲೆ, ಡ್ರೈವರ್‌ಗೆ ಗೊತ್ತೂ ಆಗುವುದಿಲ್ಲ. ಕಾರಿನ ಕರೆಂಟ್ ಕೂಡ ಅಡಾಪ್ಟರ್‌ನಷ್ಟು ಸಾಧು ಅಲ್ಲ. ಎಂಜಿನ್ ಓಡುವಾಗ 14 ವೋಲ್ಟ್ ದಾಟುತ್ತದೆ, ಒಮ್ಮೊಮ್ಮೆ ಹತ್ತಾರು ವೋಲ್ಟ್‌ನ ಏಟು ಬರುತ್ತದೆ. ಇನ್ನು ಹೆಡ್‌ಲೈಟ್‌ನ ಗಾಜು ಬಿಸಿ ಮಾಡಿ ಬಿಚ್ಚಿಸಿದರೆ ಮೊದಲಿನ ಸೀಲ್ ಮತ್ತೆ ಕೂರುವುದು ಕಷ್ಟ. ಮೊದಲ ಮಳೆಗೇ ಒಳಗೆ ಹಬೆ ಕಟ್ಟುತ್ತದೆ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮಾರ್ಪಾಡಿಗೆ ಮಿತಿ ಹಾಕುತ್ತದೆ. 2019ರ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ, ಅನುಮತಿ ಇಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಬೀಳಬಹುದು. ಕಾರಿನಲ್ಲಿ ಓಡುವ ಇಂಡಿಕೇಟರ್ ಬೇಕೇ ಬೇಕು ಎನ್ನುವವರು, ಕಂಪನಿಯಲ್ಲೇ ಪರೀಕ್ಷೆ ಆಗಿ ಬಂದ ದೀಪ ಇರುವ ಕಾರನ್ನೇ ನೋಡಿಕೊಳ್ಳಿ.

ಪರೀಕ್ಷೆ

ಫೋನ್‌ನಲ್ಲಿ ಸ್ಲೋ ಮೋಷನ್ ಸೆಕೆಂಡಿಗೆ 240 ಫ್ರೇಮ್‌ಗೆ ಇಟ್ಟು ಒಂದು ಸುತ್ತು ಚಿತ್ರೀಕರಿಸಿ. ಒಂದು ಫ್ರೇಮ್ ಎಂದರೆ ಸುಮಾರು 4 ಮಿಲಿಸೆಕೆಂಡ್. 200 ಮಿಲಿಸೆಕೆಂಡ್‌ಗೆ 48 ಫ್ರೇಮ್. ಮೊದಲ ಎಲ್‌ಇಡಿ ಹೊತ್ತಿದ ಫ್ರೇಮ್‌ನಿಂದ ಕೊನೆಯದು ಹೊತ್ತಿದ ಫ್ರೇಮ್‌ವರೆಗೆ ಬೆರಳಿನಿಂದ ಸರಿಸುತ್ತಾ ಎಣಿಸಿ. 40ರ ಆಸುಪಾಸು ಬಂದರೆ ನಮ್ಮ ಲೆಕ್ಕ ಸರಿ. 48 ದಾಟಿದರೆ 15 ಅನ್ನುವುದನ್ನು ಇಳಿಸಿ.

ಆಮೇಲೆ ಮನೆಯವರಲ್ಲಿ ಒಬ್ಬರನ್ನು ರಸ್ತೆಯಾಚೆ ನಿಲ್ಲಿಸಿ. ಪೆಟ್ಟಿಗೆಯನ್ನು ಒಮ್ಮೆ ನೆಟ್ಟಗೆ, ಒಮ್ಮೆ ತಲೆಕೆಳಗಾಗಿ ಹಿಡಿದು, ಒಂದೇ ಒಂದು ಸಲ ಮಿನುಗಿಸಿ, ಯಾವ ಕಡೆ ಓಡಿತು ಎಂದು ಕೇಳಿ. ಹತ್ತು ಸಲ ಮಾಡಿ. ನಮ್ಮ ಮನೆಯಲ್ಲಿ ಅಮ್ಮ ಚಷ್ಮಾ ಇಲ್ಲದೆ ನಿಂತಿದ್ದರು. ಅಕ್ರಿಲಿಕ್ 30 ಮಿ.ಮೀ. ದೂರ ಇದ್ದಾಗ ಆರು ಸಲ ಸರಿ ಹೇಳಿದರು, 20ಕ್ಕೆ ತಂದ ಮೇಲೆ ಒಂಬತ್ತು. ಕೊನೆಗೆ ಪಕ್ಕದಿಂದಲೂ ನೋಡಿಸಿ. ಮುಂದಿನ ಇಂಡಿಕೇಟರ್ ಹೊರಬದಿಗೆ 80 ಡಿಗ್ರಿವರೆಗೂ ಕಾಣಬೇಕು ಎಂಬುದು ನಿಯಮ. ನನ್ನ ಪೆಟ್ಟಿಗೆಯ ಹೊರ ಅಂಚಿನ ರಟ್ಟು ಅಲ್ಲಿ ಬೆಳಕನ್ನು ಮುಚ್ಚುತ್ತಿತ್ತು. ಕತ್ತರಿ ತೆಗೆದುಕೊಂಡು ಆ ಅಂಚನ್ನು ಕತ್ತರಿಸಿ, ಅಕ್ರಿಲಿಕ್ ಚೂರೊಂದನ್ನು ಬಾಗಿಲ ಹಾಗೆ ಪಕ್ಕಕ್ಕೆ ಅಂಟಿಸಿದೆ.